ಹೆಲ್ಸಿಂಕಿಯ ಹುಲ್ಲು, ಬೆಂಗಳೂರಿನ ಬರಿಗಾಲು

1952ನೆಯ ಇಸವಿ ಜುಲೈ 15. ಫಿನ್ಲೆಂಡ್ ದೇಶದ ರಾಜಧಾನಿ ಹೆಲ್ಸಿಂಕಿಯಲ್ಲಿ ಒಲಿಂಪಿಕ್ ಕಾಲ್ಚೆಂಡಿನ ಪಂದ್ಯಾವಳಿ ಆರಂಭವಾಗಿತ್ತು. ಬಯಲು ಮೈದಾನದಲ್ಲಿ ಭಾರತದ ತಂಡವೂ ಯುಗೊಸ್ಲಾವಿಯದ ತಂಡವೂ ಎದುರುಬದುರಾಗಿ ನಿಂತವು. ಎರಡನೆಯ ನಿಮಿಷಕ್ಕೇ ಮೊದಲ ಗೋಲು ಭಾರತದ ಬಲೆಯೊಳಗೆ ಬಿದ್ದಿತು. ವಿರಾಮದ ವೇಳೆಗೆ ಗೋಲುಗಳು ಐದಾದವು. ಅನಂತರ ಮತ್ತೆ ಐದು. ಇನ್ನೇನು ಆಟ ಮುಗಿಯಿತೆನ್ನುವಾಗ, 89ನೆಯ ನಿಮಿಷದಲ್ಲಿ, ಭಾರತದ ಮುಂಪಡೆಯ ಆಟಗಾರನೊಬ್ಬ ಚೆಂಡನ್ನು ಎದುರಾಳಿಗಳ ಬಲೆಗೆ ಸೇರಿಸಿದ. ಹತ್ತಕ್ಕೆ ಒಂದು. ಕ್ರೀಡಾಕೂಟದ ಉದ್ಘಾಟನೆ ನಡೆದದ್ದು ಜುಲೈ 19ರಂದು; ಭಾರತದ ಕಾಲ್ಚೆಂಡು ತಂಡದ ಪಾಲಿನ ಒಲಿಂಪಿಕ್ಸ್ ಅದಕ್ಕೆ ನಾಲ್ಕು ದಿನ ಮೊದಲೇ ಮುಗಿದುಹೋಗಿತ್ತು.

ಆ ಒಂದು ಗೋಲನ್ನು ಹೊಡೆದವರು ಬೆಂಗಳೂರಿನ ಅಹಮದ್ ಖಾನ್.

ಆ ದಿನದ ಸೋಲಿಗೆ ಎರಡು ಕಾರಣಗಳನ್ನು ಹೇಳುವುದು ಅಂದಿನಿಂದಲೂ ವಾಡಿಕೆ. ಒಂದು ಅಲ್ಲಿನ ಚಳಿ, ಇನ್ನೊಂದು ಭಾರತೀಯರ ಬರಿಗಾಲು. ತಂಡದ ಹೆಚ್ಚಿನವರು ಬೂಟಿಲ್ಲದೆ ಆಡಿದ್ದರು. ಇವೆರಡೂ ಬೇರೆಬೇರೆ ಕಾರಣಗಳೆಂದು ಭಾವಿಸುವುದು ಸರಿಯಲ್ಲ. ಒಂದು ಇನ್ನೊಂದರೊಳಗೆ ಹೆಣೆದುಕೊಂಡಿದೆ. ಪ್ರಶಸ್ತಿಯ ಪಂದ್ಯವನ್ನು ಯಾವ ಊರಿನ ಬಯಲಿನಲ್ಲಿ ಆಡಿಸಬೇಕೆಂಬುದನ್ನು ನಿರ್ಧರಿಸುವವರು ಒಬ್ಬರು, ಆ ಬಯಲಿನ ಮೇಲೆ ಕಾಲಿಡಬೇಕಾದವರು ಮತ್ತೊಬ್ಬರು. ಈ ಅಂತರದ ಲೆಕ್ಕ ಆ ದಿನ ಅಂಗಾಲುಗಳಿಗೆ ತಿಳಿಯಿತು.

ಬರಿಗಾಲಿನ ಆಟವೆಂದರೆ ಬಡತನದ ಆಟವೆಂದು ಇಂದಿನವರು ಸುಲಭವಾಗಿ ಹೇಳಿಬಿಡುತ್ತಾರೆ. ಬಡತನ ಇದ್ದದ್ದು ನಿಜ; ಆದರೆ ಅದು ಒಂದು ವಿದ್ಯೆಯೂ ಆಗಿತ್ತು. ದಂಡಿನ ಪ್ರದೇಶದಲ್ಲಿ ಬೂಟು ಧರಿಸಿದ ಬಿಳಿಯ ಸಿಪಾಯಿಗಳು ಆಡುತ್ತಿದ್ದುದನ್ನು ನೋಡಿ ಕಲಿತವರು ಬೆಂಗಳೂರಿನ ಹುಡುಗರು. ಬಲದಲ್ಲಿ ಅವರನ್ನು ಸರಿಗಟ್ಟುವುದು ಅಸಾಧ್ಯವಾದಾಗ ಇವರು ಹಿಡಿದದ್ದು ಚಾತುರ್ಯದ ದಾರಿಯನ್ನು. ಒಣಗಿದ ಕೆಮ್ಮಣ್ಣಿನ ನೆಲದ ಮೇಲೆ ಬೆರಳುಗಳಿಂದ ಚೆಂಡನ್ನು ತಡೆಯುವುದು, ಅಂಗಾಲಿನಿಂದ ಹೊರಳಿಸುವುದು, ಎದುರಾಳಿ ಬೂಟು ಚಾಚುವ ಮೊದಲೇ ಗೆಳೆಯನಿಗೆ ದಾಟಿಸಿಬಿಡುವುದು - ಚರ್ಮಕ್ಕೆ ಚರ್ಮ ತಾಗಿದರೆ ಮಾತ್ರ ಸಾಧ್ಯವಾಗುವ ಕೆಲಸಗಳು ಇವು. 1937ರಲ್ಲಿ ಬೆಂಗಳೂರು ಮುಸ್ಲಿಮ್ಸ್ ತಂಡ ಮುಂಬಯಿಯ ರೋವರ್ಸ್ ಕಪ್ಪನ್ನು ಗೆದ್ದು ತಂದಿತು. ಅದುವರೆಗೆ ಸೈನ್ಯದ ಪಡೆಗಳ ಸ್ವತ್ತಾಗಿದ್ದ ಆ ಕಪ್ಪನ್ನು ಗೆದ್ದ ಮೊಟ್ಟಮೊದಲ ಭಾರತೀಯ ತಂಡ ಅದು. ಮರುವರ್ಷವೂ ಕಪ್ಪು ಬೆಂಗಳೂರಿಗೇ ಬಂದಿತು.

ಅಹಮದ್ ಖಾನ್ ಈ ನೆಲದಿಂದ ಬಂದವರು. 1926ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿ, ಮುಂದೆ ಕಲ್ಕತ್ತೆಯ ಈಸ್ಟ್ ಬೆಂಗಾಲ್ ಸಂಸ್ಥೆಯನ್ನು ಸೇರಿ, ಅಲ್ಲಿ 'ಪಂಚ ಪಾಂಡವ'ರೆಂದು ಹೆಸರಾದ ಐವರು ಮುಂಪಡೆಯ ಆಟಗಾರರಲ್ಲಿ ಒಬ್ಬರೆನಿಸಿದರು. ಆ ಐವರಲ್ಲಿ ಧನರಾಜ್ ಅವರೂ ಬೆಂಗಳೂರಿನವರೇ. ಅಹಮದ್ ಖಾನರಿಗೆ ಕಲ್ಕತ್ತೆಯ ಜನ ಇಟ್ಟ ಹೆಸರು 'ಹಾವಾಡಿಗ'. ಚೆಂಡು ಅವರ ಕಾಲ ಬಳಿ ಪುಂಗಿಗೆ ಮರುಳಾದ ಹಾವಿನಂತೆ ಆಡುತ್ತಿತ್ತೆಂಬುದು ಆ ಹೆಸರಿನ ಅರ್ಥ.

ಈ ವಿದ್ಯೆಯನ್ನು ಪರದೇಶದವರು ಮೆಚ್ಚದೆ ಇರಲಿಲ್ಲ. 1948ರ ಜುಲೈ 31ರಂದು ಲಂಡನ್ ಒಲಿಂಪಿಕ್ಸ್‌ನಲ್ಲಿ ಭಾರತ ಫ್ರಾನ್ಸಿನ ಮೇಲೆ ಆಡಿತು. ಹನ್ನೊಂದು ಜನರಲ್ಲಿ ಎಂಟು ಮಂದಿ ಬರಿಗಾಲಿನವರು. ಎರಡು ಪೆನಾಲ್ಟಿಗಳು ವ್ಯರ್ಥವಾದರೂ ಪಂದ್ಯ ಕೊನೆಯ ನಿಮಿಷಗಳವರೆಗೆ ಸಮಸಮವಾಗಿತ್ತು. ಭಾರತದ ಏಕೈಕ ಗೋಲನ್ನು, ಸ್ವತಂತ್ರ ಭಾರತದ ಮೊದಲ ಒಲಿಂಪಿಕ್ ಗೋಲನ್ನು, ಹೊಡೆದವರು ಸಾರಂಗಪಾಣಿ ರಾಮನ್. ಅವರೂ ಮೈಸೂರು ತಂಡದ ಆಟಗಾರರು. ಅಂತೂ ಎರಡು ಒಲಿಂಪಿಕ್ಸ್‌ಗಳಲ್ಲಿ ಭಾರತ ಹೊಡೆದ ಎರಡು ಗೋಲುಗಳೂ ಈ ಪ್ರಾಂತದವರ ಕಾಲಿನಿಂದಲೇ ಹೊರಟವು. ಅಂದು 2-1ರಲ್ಲಿ ಸೋತರೂ ತಂಡ ತಲೆಯೆತ್ತಿಕೊಂಡೇ ಮರಳಿತು. ಬಹುಶಃ ಆ ಪ್ರಶಂಸೆಯೇ ಮುಂದಿನ ನಾಲ್ಕು ವರ್ಷ ಯಾರೂ ಬೂಟಿನ ಮಾತನ್ನು ಗಟ್ಟಿಯಾಗಿ ಎತ್ತದಂತೆ ಮಾಡಿತು.

ಅದಿರಲಿ, ಚಳಿ ಮಾಡುವುದೇನು? ಹೆಲ್ಸಿಂಕಿಯಲ್ಲಿ ಜುಲೈ ಎಂದರೆ ಬೇಸಗೆ. ಅಲ್ಲಿನವರು ಅಂಗಿಯ ತೋಳು ಮಡಿಚಿ ಓಡಾಡುವ ಕಾಲ. ಆದರೆ ಆ ಬೇಸಗೆಯ ಸರಾಸರಿ ಉಷ್ಣತೆ ಸುಮಾರು 17 ಡಿಗ್ರಿ ಸೆಲ್ಸಿಯಸ್; ಎಂದರೆ ಬೆಂಗಳೂರಿನ ಡಿಸೆಂಬರ್ ರಾತ್ರಿಯ ಹವೆ. ಚಳಿ ತಾಗಿದಾಗ ದೇಹ ತನ್ನ ಒಡಲಿನ ಬಿಸಿಯನ್ನು ಕಾಪಾಡಿಕೊಳ್ಳುವ ಸಲುವಾಗಿ ಕೈಕಾಲುಗಳ ತುದಿಯ ರಕ್ತನಾಳಗಳನ್ನು ಕುಗ್ಗಿಸುತ್ತದೆ. ಮೊದಲು ತಣ್ಣಗಾಗುವುದು ಬೆರಳುಗಳು. ತಣ್ಣಗಾದ ಚರ್ಮದ ಸ್ಪರ್ಶಜ್ಞಾನ ಮಂದವಾಗುತ್ತದೆ. ಬೂಟಿನವನಿಗೆ ಇದರಿಂದ ಹೆಚ್ಚೇನೂ ನಷ್ಟವಿಲ್ಲ. ಅವನು ಚೆಂಡನ್ನು ತೊಗಲಿನ ಮೂಲಕವೇ ಅರಿಯಲು ಕಲಿತವನು. ಸ್ಪರ್ಶವನ್ನೇ ಬಂಡವಾಳ ಮಾಡಿಕೊಂಡವನಿಗೆ ಮಾತ್ರ ಬಂಡವಾಳವೇ ಹೋದಂತೆ. ಇದರ ಮೇಲೆ ತೇವದ ಹುಲ್ಲು ಸೇರಿದರೆ ಕೇಳುವುದೇ ಬೇಡ. ಬೂಟಿನ ಗುಬುಟುಗಳು ನೆಲವನ್ನು ಕಚ್ಚುತ್ತವೆ, ಅಂಗಾಲು ಜಾರುತ್ತದೆ. ಒಣನೆಲದ ಮೇಲೆ ಥಟ್ಟನೆ ತಿರುಗಿ ಎದುರಾಳಿಯನ್ನು ಮರುಳುಮಾಡುವವನು ಅಲ್ಲಿ ತಾನೇ ಮರುಳಾಗುತ್ತಾನೆ.

ಇದು ಯಾರಿಗೂ ತಿಳಿಯದ ಗುಟ್ಟಾಗಿರಲಿಲ್ಲ ಎಂಬುದೇ ಖೇದದ ಸಂಗತಿ. ಕಲ್ಕತ್ತೆಯ ಆಟವೆಲ್ಲ ಮಳೆಗಾಲದ ಆಟ. ಅಲ್ಲಿನ ಬರಿಗಾಲಿನ ತಂಡಗಳು ಕೆಸರಿನ ದಿನಗಳಲ್ಲಿ ಪೇಚಿಗೆ ಸಿಕ್ಕುವುದನ್ನು ಎಲ್ಲರೂ ಕಂಡಿದ್ದರು. ಮಹಮದನ್ ಸ್ಪೋರ್ಟಿಂಗ್ ತಂಡ 1930ರ ದಶಕದಲ್ಲಿಯೇ ಒದ್ದೆ ಮೈದಾನಕ್ಕೆಂದು ಹಗುರವಾದ ಬೂಟುಗಳನ್ನು ಹಾಕಿಸಿ ಆಟಗಾರರನ್ನು ಪಳಗಿಸಿತ್ತು. ಲೀಗ್ ಪ್ರಶಸ್ತಿಯನ್ನು ವರ್ಷದಿಂದ ವರ್ಷಕ್ಕೆ ಗೆಲ್ಲುತ್ತ ಹೋಗಿತ್ತು. ಔಷಧಿ ಮನೆಯಲ್ಲಿಯೇ ಇತ್ತು. ರೋಗಿಯನ್ನು ಅದಿಲ್ಲದೆಯೇ ಪ್ರಯಾಣಕ್ಕೆ ಹತ್ತಿಸಿದರು.

ಆದರೂ ನ್ಯಾಯದ ಮಾತೊಂದನ್ನು ಹೇಳಬೇಕು. ಹತ್ತು ಗೋಲುಗಳ ಹೊಣೆಯನ್ನೆಲ್ಲ ಹವೆಯ ತಲೆಗೆ ಕಟ್ಟುವುದು ಯುಗೊಸ್ಲಾವಿಯದವರಿಗೆ ಮಾಡುವ ಅಪಚಾರ. ಒಬ್ಬನೇ ನಾಲ್ಕು ಗೋಲು ಹೊಡೆದ ಜೆಬೆಟ್ಸ್, ಜೊತೆಗೆ ಮಿಟಿಚ್, ವೂಕಾಸ್ ಮುಂತಾದವರು ಅಂದಿನ ಯೂರೋಪಿನಲ್ಲಿಯೇ ಮೇಲ್ತರಗತಿಯ ಆಟಗಾರರು. ಆ ತಂಡ ಅಂತಿಮ ಪಂದ್ಯದವರೆಗೆ ಹೋಗಿ, ಪುಷ್ಕಾಸನ ಹಂಗೆರಿಗೆ ಎರಡು ಗೋಲುಗಳಿಂದ ಸೋತು, ಬೆಳ್ಳಿಯ ಪದಕ ಪಡೆಯಿತು. ಬೂಟು ಧರಿಸಿದ್ದರೂ ಭಾರತ ಸೋಲುತ್ತಿತ್ತು. ಹತ್ತು ಗೋಲುಗಳಿಂದ ಸೋಲುತ್ತಿತ್ತೇ ಎಂಬುದಷ್ಟೇ ಪ್ರಶ್ನೆ.

ಹೆಲ್ಸಿಂಕಿಯ ಅನಂತರ ರಾಷ್ಟ್ರೀಯ ಒಕ್ಕೂಟ ಬೂಟನ್ನು ಕಡ್ಡಾಯಗೊಳಿಸಿತು. ನಾಲ್ಕೇ ವರ್ಷಗಳಲ್ಲಿ, 1956ರ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ, ಅದೇ ತರಬೇತುದಾರ ಎಸ್. ಎ. ರಹೀಂ ಅವರ ತಂಡ ಆತಿಥೇಯ ಆಸ್ಟ್ರೇಲಿಯವನ್ನು 4-2ರಿಂದ ಸೋಲಿಸಿ ನಾಲ್ಕನೆಯ ಸ್ಥಾನಕ್ಕೇರಿತು. ಭಾರತ ಒಲಿಂಪಿಕ್ ಕಾಲ್ಚೆಂಡಿನಲ್ಲಿ ಮುಟ್ಟಿದ ಅತ್ಯುನ್ನತ ಮೆಟ್ಟಿಲು ಅದೇ. (ಬೂಟಿಲ್ಲದ ಕಾರಣಕ್ಕೆ 1950ರ ವಿಶ್ವಕಪ್ ಕೈತಪ್ಪಿತೆಂಬ ಕಥೆಯೊಂದು ಇಂದಿಗೂ ಬಾಯಿಂದ ಬಾಯಿಗೆ ಸಾಗುತ್ತಿದೆ. ಕಥೆ ಸೊಗಸಾಗಿದೆ, ಆದರೆ ಆ ಕಾಲದ ನಾಯಕ ಶೈಲೇನ್ ಮನ್ನಾ ಅವರೇ ಅದನ್ನು ಅಲ್ಲಗಳೆದಿದ್ದರು. ಅಂದಿನ ಒಕ್ಕೂಟಕ್ಕೆ ವಿಶ್ವಕಪ್ಪಿಗಿಂತ ಒಲಿಂಪಿಕ್ಸ್ ದೊಡ್ಡದಾಗಿ ಕಂಡಿತ್ತು.)

ಪಂದ್ಯವನ್ನು ಎಲ್ಲಿ ಇಡಬೇಕೆಂಬ ಚರ್ಚೆ ಆ ಬಳಿಕವೂ ನಿಂತಿಲ್ಲ. ಅಮೆರಿಕದವರು ಫುಟ್‌ಬಾಲ್ ಎಂದು ಕರೆಯುವ ಆಟ ಬೇರೆಯೇ. ಶಿರಸ್ತ್ರಾಣ ಧರಿಸಿ, ಚೆಂಡನ್ನು ಕಂಕುಳಲ್ಲಿಟ್ಟುಕೊಂಡು ನುಗ್ಗುವ ಆಟ. ಅದರ ವರ್ಷದ ಕಟ್ಟಕಡೆಯ ಪಂದ್ಯವನ್ನು ಬಹುಕಾಲ ಬೆಚ್ಚನೆಯ ಊರುಗಳಲ್ಲಿ, ಇಲ್ಲವೇ ಛಾವಣಿಯುಳ್ಳ ಕ್ರೀಡಾಂಗಣಗಳಲ್ಲಿ ಮಾತ್ರ ನಡೆಸುತ್ತಿದ್ದರು. 2014ರ ಫೆಬ್ರವರಿ 2ರಂದು ಮೊದಲ ಬಾರಿಗೆ ಚಳಿಯ ನಾಡಿನಲ್ಲಿ, ನ್ಯೂಯಾರ್ಕಿನ ನೆರೆಯ ನ್ಯೂಜೆರ್ಸಿಯ ತೆರೆದ ಕ್ರೀಡಾಂಗಣದಲ್ಲಿ ಅದನ್ನು ಇಟ್ಟರು. ಹಿಮ ಬಿದ್ದರೆ ಗತಿಯೇನೆಂದು ದೇಶಕ್ಕೆ ದೇಶವೇ ತಿಂಗಳುಗಟ್ಟಲೆ ವಾದಿಸಿತು. ಆ ಸಂಜೆ ಹವೆ ಸುಮಾರು 9 ಡಿಗ್ರಿಯಲ್ಲಿ ನಿಂತಿತು. 82 ಸಾವಿರಕ್ಕೂ ಹೆಚ್ಚು ಜನ ನೋಡಿದರು. ಸಿಯಾಟಲ್ ತಂಡ ಡೆನ್ವರನ್ನು 43-8ರಿಂದ ಸೋಲಿಸಿತು. ಹಿಮ ಸುರಿದದ್ದು ಮರುದಿನ! 2022ರಲ್ಲಿ ಇದರ ತಿರುವುಮುರುವು. ಕತಾರಿನ ಬಿಸಿಲಿಗೆ ಅಂಜಿ ವಿಶ್ವಕಪ್ಪನ್ನೇ ಜೂನ್-ಜುಲೈ ತಿಂಗಳುಗಳಿಂದ ನವೆಂಬರ್-ಡಿಸೆಂಬರಿಗೆ ಎತ್ತಿ ಇಟ್ಟರು. ಹಣವಿದ್ದಲ್ಲಿ ಪಂಚಾಂಗವನ್ನೂ ತಿದ್ದಬಹುದು. ಹೆಲ್ಸಿಂಕಿಗೆ ಹೋದ ಹುಡುಗರಿಗಾಗಿ ಒಂದು ಜೊತೆ ಬೂಟನ್ನು ಅಭ್ಯಾಸ ಮಾಡಿಸುವುದಕ್ಕೂ ಯಾರೂ ಮನಸ್ಸು ಮಾಡಿರಲಿಲ್ಲ.

ಇನ್ನು ಬೆಂಗಳೂರು. ಸಮುದ್ರಮಟ್ಟದಿಂದ 900 ಮೀಟರಿಗೂ ಎತ್ತರದಲ್ಲಿರುವ ಈ ಊರು ಯೂರೋಪಿನ ಲೆಕ್ಕದಲ್ಲಿ ಚಳಿಯ ಊರಲ್ಲ. 1884ರ ಜನವರಿ 13ರಂದು ದಾಖಲಾದ 7.8 ಡಿಗ್ರಿಯೇ ಇದರ ಕನಿಷ್ಠ. ಆದರೆ ಭಾರತದ ಲೆಕ್ಕದಲ್ಲಿ ಇದು ತಂಪಿನ ಊರು, ಮೈದಾನದ ಆಟಕ್ಕೆ ಹೇಳಿ ಮಾಡಿಸಿದ ಊರು. ಬನ್ನೇರುಘಟ್ಟ ರಸ್ತೆಯ ಅರೆಕೆರೆ ಒಂದು ಕಾಲಕ್ಕೆ ಊರಾಚೆಯ ಹಳ್ಳಿ. ಈಗ ಆ ಸುತ್ತಿನ ಬಡಾವಣೆಗಳಲ್ಲಿ ಜಾಲರಿ ಕಟ್ಟಿ, ಕೃತಕ ಹುಲ್ಲು ಹಾಸಿ, ಗಂಟೆಯ ಲೆಕ್ಕದಲ್ಲಿ ಬಾಡಿಗೆಗೆ ಕೊಡುವ ಅಂಗಳಗಳಿವೆ. ಕಚೇರಿ ಬಿಟ್ಟು ಬಂದವರು ರಾತ್ರಿ ಹತ್ತು ಗಂಟೆಗೆ, ಜನವರಿಯ ತಂಗಾಳಿಯಲ್ಲಿ, ದೀಪದ ಬೆಳಕಿನಲ್ಲಿ ಆಡುತ್ತಾರೆ. ಎಲ್ಲರ ಕಾಲಿನಲ್ಲಿಯೂ ಬೂಟು. ಬರಿಗಾಲಿನವನನ್ನು ಅಲ್ಲಿ ಒಳಕ್ಕೆ ಬಿಡುವುದೂ ಸಂಶಯವೇ. ಹಲಸೂರಿನ ಗೌತಮಪುರದಂಥ ಹಳೆಯ ಕೇರಿಗಳಲ್ಲಾದರೋ ಕಾಲ್ಚೆಂಡು ಇಂದಿಗೂ ಬಾಡಿಗೆಯ ಆಟವಲ್ಲ, ಬೀದಿಯ ಆಟ. ಅಲ್ಲಿ ಬ್ರೆಜಿಲಿನ ಪೆಲೆಗೆ ಪ್ರತಿಮೆಯನ್ನೇ ನಿಲ್ಲಿಸಿದ್ದಾರೆ.

2023ರ ಜೂನ್-ಜುಲೈಯಲ್ಲಿ ದಕ್ಷಿಣ ಏಷ್ಯದ ಪ್ರಶಸ್ತಿಯ ಪಂದ್ಯಗಳೆಲ್ಲ ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿ ನಡೆದವು. ಮುಂಗಾರಿನ ತಿಂಗಳು, ಮೇಲೆ ತೆರೆದ ಆಕಾಶ. ಜೂನ್ 21ರ ರಾತ್ರಿ ಭಾರತ-ಪಾಕಿಸ್ತಾನ ಪಂದ್ಯದ ವೇಳೆ ಮಳೆ ಧೋ ಎಂದು ಸುರಿಯಿತು. ಇಪ್ಪತ್ತು ಸಾವಿರಕ್ಕೂ ಮಿಕ್ಕ ಪ್ರೇಕ್ಷಕರು ನೆನೆಯುತ್ತ ನಿಂತರೇ ಹೊರತು ಎದ್ದು ಹೋಗಲಿಲ್ಲ. ಬೆಂಗಳೂರಿನ ಸಂಸ್ಥೆಗಾಗಿ ವರ್ಷಗಳಿಂದ ಆಡುತ್ತಿದ್ದ ಸುನಿಲ್ ಛೆಟ್ರಿ ಮೂರು ಗೋಲು ಹೊಡೆದರು, 4-0. ವೀಸಾ ತಡವಾದ ಕಾರಣ ಪಾಕಿಸ್ತಾನದ ಆಟಗಾರರು ಊರನ್ನು ತಲುಪಿದ್ದೇ ಪಂದ್ಯದ ದಿನ. ಒದ್ದೆ ಹುಲ್ಲಿಗೆ ಅವರ ಕಾಲು ಒಗ್ಗಲು ಒಂದು ದಿನದ ಅವಕಾಶವೂ ದೊರೆಯಲಿಲ್ಲವೆಂಬುದನ್ನು ಗೆಲುವಿನ ಸಡಗರದಲ್ಲಿ ನೆನೆದವರು ಕಡಿಮೆ. ಜುಲೈ 4ರ ಅಂತಿಮ ಪಂದ್ಯದಲ್ಲಿ ಕುವೈತ್ ಮೊದಲು ಗೋಲು ಹೊಡೆಯಿತು, ಛಾಂಗ್ಟೆ ಸರಿಗಟ್ಟಿದರು. ಕೊನೆಗೆ ಪೆನಾಲ್ಟಿಗಳಲ್ಲಿ ಗೋಲಿ ಗುರ್‌ಪ್ರೀತ್ ಸಿಂಗ್ ಸಂಧು ತಡೆದ ಒಂದು ಹೊಡೆತ 5-4ರಿಂದ ಭಾರತವನ್ನು ಗೆಲ್ಲಿಸಿತು.

ಅದೇ ವರ್ಷದ ಮಾರ್ಚಿಯಲ್ಲಿ ಇನ್ನೊಂದು ಪ್ರಶಸ್ತಿಯ ನಿರ್ಣಯವಾಗಿತ್ತು. ಅದನ್ನು ಈ ಊರಿನವರು ಕ್ರೀಡಾಂಗಣದಲ್ಲಿ ಕುಳಿತು ನೋಡಲಾಗಲಿಲ್ಲ. ರಾಜ್ಯ ತಂಡಗಳ ಸಂತೋಷ್ ಟ್ರೋಫಿಯನ್ನು ಹಿಂದಿನ ಮೈಸೂರು ನಾಲ್ಕು ಸಲ ಗೆದ್ದಿತ್ತು. ನಾಲ್ಕನೆಯ ಗೆಲುವು 1968-69ರ ಸಾಲಿನದು. ಬೆಂಗಳೂರಿನಲ್ಲಿಯೇ, ಬಂಗಾಳದ ಎದುರು. ಅಲ್ಲಿಂದ ಮುಂದೆ ರಾಜ್ಯದ ಹೆಸರು ಬದಲಾಯಿತು, ಎರಡು ತಲೆಮಾರು ಕಳೆದವು, ಕಪ್ಪು ಬರಲಿಲ್ಲ. 2023ರಲ್ಲಿ ಕರ್ನಾಟಕ ಮತ್ತೆ ಅಂತಿಮ ಪಂದ್ಯಕ್ಕೆ ಏರಿದಾಗ ಒಕ್ಕೂಟ ಆ ಪಂದ್ಯವನ್ನು ಸಮುದ್ರದಾಚೆ, ಸೌದಿ ಅರೇಬಿಯದ ರಿಯಾದ್ ನಗರಕ್ಕೆ ಒಯ್ದಿತ್ತು. ಎದುರಾಳಿ ಮೇಘಾಲಯ. ಮಳೆನಾಡಿನ ಹುಡುಗರೂ ತಂಪುನಾಡಿನ ಹುಡುಗರೂ ಮರುಭೂಮಿಯ ನಡುವಿನ ಕಿಂಗ್ ಫಹದ್ ಕ್ರೀಡಾಂಗಣದಲ್ಲಿ ಭಾರತದ ಪ್ರಶಸ್ತಿಗಾಗಿ ಸೆಣಸಿದರು. ಸುನಿಲ್ ಕುಮಾರ್, ಬೆಕಿ ಓರಾಂ, ರಾಬಿನ್ ಯಾದವ್ ಒಂದೊಂದು ಗೋಲು ಹೊಡೆದು, 3-2ರಿಂದ ಕರ್ನಾಟಕಕ್ಕೆ 54 ವರ್ಷಗಳ ಮೇಲೆ ಕಪ್ಪನ್ನು ದೊರಕಿಸಿದರು.

ಅಹಮದ್ ಖಾನರು ಈ ಗೆಲುವನ್ನು ಕಾಣಲಿಲ್ಲ. 2017ರ ಆಗಸ್ಟಿನಲ್ಲಿ, 90ರ ವಯಸ್ಸಿನಲ್ಲಿ, ಬೆಂಗಳೂರಿನಲ್ಲಿಯೇ ತೀರಿಕೊಂಡಿದ್ದರು. ಹೆಲ್ಸಿಂಕಿಯ ದಾಖಲೆಯ ಪುಟದಲ್ಲಿ ಹತ್ತು ಗೋಲುಗಳ ಕೆಳಗೆ ಅವರ ಹೆಸರೊಂದು ಇದೆ: 89ನೆಯ ನಿಮಿಷ, ಭಾರತ.