ಶಾಲೆ ಬಿಟ್ಟವರು ಕಟ್ಟುವ ಶಾಲೆ

ನಿಮ್ಮ ಮಗುವನ್ನು ಮನೆಯಲ್ಲೇ ಇಟ್ಟುಕೊಂಡು ನೀವೇ ಪಾಠ ಹೇಳಿಕೊಟ್ಟರೆ ಸಾಮಾನ್ಯವಾಗಿ ಯಾರೂ ಬಂದು ಕೇಳುವುದಿಲ್ಲ. ಅದೇ ಮಗುವಿನ ಜೊತೆಗೆ ಸ್ನೇಹಿತರ ಹತ್ತು-ಹನ್ನೆರಡು ಮಕ್ಕಳನ್ನು ಸೇರಿಸಿ, ಊರಾಚೆ ಒಂದು ಹಳೇ ಮನೆ ಬಾಡಿಗೆಗೆ ಹಿಡಿದು, ಗೇಟಿಗೆ ಕೈಬರಹದ ಬೋರ್ಡು ತೂಗುಹಾಕಿದಿರೋ, ಕ್ಷೇತ್ರ ಶಿಕ್ಷಣಾಧಿಕಾರಿಯ (ಬಿಇಒ) ಕಚೇರಿಯಿಂದ ನೋಟಿಸು ಬಂದರೂ ಬಂದೀತು. ಕಡ್ಡಾಯ ಶಿಕ್ಷಣ ಹಕ್ಕು ಕಾಯ್ದೆ 2010ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಅದರ 10ನೇ ಸೆಕ್ಷನ್ ಮಗುವನ್ನು ನೆರೆಹೊರೆಯ ಶಾಲೆಗೆ ಸೇರಿಸುವುದು ತಂದೆ-ತಾಯಿಯ ಕರ್ತವ್ಯ ಎನ್ನುತ್ತದೆ. ಸೇರಿಸದಿದ್ದರೆ ಏನು ಶಿಕ್ಷೆ ಎಂದು ಹೇಳುವುದಿಲ್ಲ. 18ನೇ ಸೆಕ್ಷನ್ ಮಾತ್ರ ಅಷ್ಟು ಮೆದುವಲ್ಲ. ಮಾನ್ಯತೆ ಇಲ್ಲದೆ ಶಾಲೆ ನಡೆಸಿದವರಿಗೆ ಒಂದು ಲಕ್ಷ ರೂಪಾಯಿವರೆಗೆ ದಂಡ, ಮುಂದುವರಿಸಿದರೆ ದಿನಕ್ಕೆ ಹತ್ತು ಸಾವಿರ.

ಈ ಎರಡು ಸೆಕ್ಷನ್‌ಗಳ ನಡುವಿನ ಸಂದಿಯಲ್ಲಿ ಇವತ್ತು ಬೆಂಗಳೂರು, ಮೈಸೂರುಗಳ ಅಂಚಿನಲ್ಲಿ ಪೋಷಕರೇ ಕಟ್ಟಿಕೊಂಡ ಕಲಿಕಾ ಕೇಂದ್ರಗಳು ಉಸಿರಾಡುತ್ತಿವೆ. ಕೆಲವಕ್ಕೆ ಹೆಸರಿದೆ, ಟ್ರಸ್ಟ್ ಇದೆ. ಕೆಲವು ಒಂದು ವಾಟ್ಸ್‌ಆ್ಯಪ್ ಗುಂಪು, ಒಂದು ಮಾವಿನ ಮರದ ನೆರಳು, ಅಷ್ಟೇ.

ಇವರು ಶಾಲೆ ಬಿಟ್ಟದ್ದೇಕೆ ಎಂದು ಕೇಳಿದರೆ ದೊಡ್ಡ ಸಿದ್ಧಾಂತ ಬರುವುದು ಆಮೇಲೆ. ಮೊದಲು ಬರುವುದು ಸಣ್ಣಸಣ್ಣ ದೂರುಗಳು. ಮುಂದಿನ ಜೂನ್‌ನ ಸೀಟಿಗೆ ಹಿಂದಿನ ದಸರಾದಲ್ಲೇ ಅರ್ಜಿ. ಬೆಳಿಗ್ಗೆ ಏಳಕ್ಕೇ ವ್ಯಾನು, ಸಂಜೆ ನಾಲ್ಕೂವರೆಗೆ ಸೋತು ಬಂದ ಮಗು, ಆಮೇಲೆ ಹೋಮ್‌ವರ್ಕು, ಅದರ ಮೇಲೆ ಟ್ಯೂಷನ್ನು. ಯುಕೆಜಿ ಮಗುವಿನ ಕೈಬರಹದ ಬಗ್ಗೆ ಪೇರೆಂಟ್ಸ್ ಮೀಟಿಂಗ್‌ನಲ್ಲಿ ಗಂಭೀರ ಚರ್ಚೆ. ಕನ್ನಡ ಮಾತಾಡಿದ್ದಕ್ಕೆ ದಂಡ. ಓದುವುದು ಸ್ವಲ್ಪ ನಿಧಾನವಾದ ಮಗುವಿಗೆ ಹಿಂದಿನ ಬೆಂಚು, ಅಪ್ಪ-ಅಮ್ಮನಿಗೆ 'ಬೇರೆ ಕಡೆ ನೋಡಿಕೊಳ್ಳಿ' ಎಂಬ ಸೂಚನೆ. ಡಿಸ್‌ಲೆಕ್ಸಿಯಾ, ಆಟಿಸಂ ಇರುವ ಮಕ್ಕಳ ತಾಯ್ತಂದೆಯರಿಗೆ ಶಾಲೆ ಬಿಡಿಸುವುದು ಸಿಟ್ಟಿನ ಮಾತಲ್ಲ. ಎರಡು-ಮೂರು ಶಾಲೆ ಅಲೆದು ಬಾಗಿಲು ಮುಚ್ಚಿಸಿಕೊಂಡ ಮೇಲೆ ಉಳಿದ ಒಂದೇ ದಾರಿ.

ಸರ್ಕಾರವೂ ತನ್ನ ಪಾಲಿನ ಗೊಂದಲ ಕೊಟ್ಟಿದೆ. ರಾಜ್ಯ ಪಠ್ಯಕ್ರಮದ 5, 8, 9 ಮತ್ತು 11ನೇ ತರಗತಿಗಳಿಗೆ ಪಬ್ಲಿಕ್ ಪರೀಕ್ಷೆಯ ಮಾದರಿಯ ಮೌಲ್ಯಾಂಕನ ತಂದದ್ದು, 2024ರ ಮಾರ್ಚ್‌ನಲ್ಲಿ ಹೈಕೋರ್ಟ್‌ನ ಏಕಸದಸ್ಯ ಪೀಠ ಅದನ್ನು ರದ್ದು ಮಾಡಿದ್ದು, ವಿಭಾಗೀಯ ಪೀಠ ಅದೇ ತಿಂಗಳು ಎತ್ತಿಹಿಡಿದದ್ದು, ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ತಡೆ ಕೊಟ್ಟದ್ದು ನೆನಪಿರಬಹುದು. ಪರೀಕ್ಷೆ ಬರೆದು ಮುಗಿಸಿದ ಹತ್ತು ವರ್ಷದ ಮಕ್ಕಳು ಫಲಿತಾಂಶಕ್ಕೆ ಕೋರ್ಟಿನತ್ತ ನೋಡಬೇಕಾಯಿತು. ಅದಕ್ಕೂ ಮೊದಲು ಕೊರೊನಾ ಬಂದಿತ್ತು. 2020ರಲ್ಲಿ ಶಾಲೆ ಮುಚ್ಚಿ ಪಾಠವೆಲ್ಲ ಫೋನಿನೊಳಗೆ ಬಂದಾಗ, ತರಗತಿಯಲ್ಲಿ ನಿಜಕ್ಕೂ ಏನು ನಡೆಯುತ್ತದೆ ಎಂಬುದನ್ನು ಬಹಳ ಮಂದಿ ಪೋಷಕರು ಮೊದಲ ಸಲ ಪಕ್ಕದಲ್ಲಿ ಕೂತು ನೋಡಿದರು. ನೋಡಿದವರಲ್ಲಿ ಕೆಲವರಿಗೆ, ಇಷ್ಟಕ್ಕೆ ಇಷ್ಟು ಫೀಸೇ ಎನಿಸಿತು.

ಮಕ್ಕಳಿಗಾಗಿ ಶಾಲೆ ಕಟ್ಟುವ ಹಂಬಲ ಹೊಸದೇನಲ್ಲ. ಶಾಂತಿನಿಕೇತನದಲ್ಲಿ 1901ರ ಡಿಸೆಂಬರ್‌ನಲ್ಲಿ ರವೀಂದ್ರನಾಥ ಟ್ಯಾಗೋರರು ಶಾಲೆ ತೆರೆದಾಗ ಇದ್ದದ್ದು ಐದೇ ವಿದ್ಯಾರ್ಥಿಗಳು, ಅವರಲ್ಲಿ ಒಬ್ಬ ಸ್ವಂತ ಮಗ ರಥೀಂದ್ರನಾಥ. ಗುಜರಾತಿನ ಗಿಜುಭಾಯಿ ಬಧೇಕಾ ವಕೀಲರಾಗಿದ್ದವರು. 1913ರಲ್ಲಿ ಮಗ ಹುಟ್ಟಿದ ಮೇಲೆ ಇವನನ್ನು ಎಂಥ ಶಾಲೆಗೆ ಹಾಕಲಿ ಎಂಬ ಚಿಂತೆ ಹತ್ತಿ, ಮಾಂಟೆಸ್ಸರಿಯನ್ನು ಓದಿ, ಕರಿಕೋಟು ಕಳಚಿಟ್ಟು ಭಾವನಗರದ ದಕ್ಷಿಣಾಮೂರ್ತಿ ಸಂಸ್ಥೆ ಸೇರಿದರು. 1920ರಲ್ಲಿ ಅಲ್ಲಿ ಬಾಲಮಂದಿರ ಶುರುವಾಯಿತು. ನಮ್ಮವರೇ ಆದ ಶಿವರಾಮ ಕಾರಂತರು ಪುತ್ತೂರಿನ ಬಾಲವನದಲ್ಲಿ ನಾಟಕ, ಕುಣಿತ, ತಿರುಗಾಟಗಳ ನಡುವೆ ಮಕ್ಕಳಿಗೆ ಕಲಿಸಲು ನೋಡಿದರು. ಕೈಗೆ ಕೊಡಲು ತಕ್ಕ ಪುಸ್ತಕವಿಲ್ಲ ಎಂದು 'ಬಾಲ ಪ್ರಪಂಚ'ದ ಸಂಪುಟಗಳನ್ನೇ ಬರೆದರು. ಅವರ ಮಕ್ಕಳ ಮೊದಲ ಓದು ನಡೆದದ್ದು ಮನೆಯಲ್ಲೇ. ಅವರಲ್ಲಿ ಉಲ್ಲಾಸ ಕಾರಂತರು ಮುಂದೆ ಸುರತ್ಕಲ್‌ನಲ್ಲಿ ಎಂಜಿನಿಯರಿಂಗ್ ಮುಗಿಸಿ, ಹುಲಿಗಳನ್ನು ಎಣಿಸುವ ವಿಜ್ಞಾನದಲ್ಲಿ ಜಗತ್ತಿಗೇ ಪರಿಚಿತರಾದರು.

ಚರಿತ್ರೆಯಲ್ಲಿ ಅಪ್ಪಂದಿರ ಹೆಸರು ಉಳಿದಿದೆ. ಇವತ್ತಿನ ಕೇಂದ್ರಗಳಲ್ಲಿ ಒಲೆ ಹಚ್ಚುವುದರಿಂದ ಹಿಡಿದು ಭಿನ್ನರಾಶಿ ಕಲಿಸುವವರೆಗೆ ದಿನ ನೂಕುವವರು ಬಹುತೇಕ ಅಮ್ಮಂದಿರು. ಒಬ್ಬರು ಕೆಲಸ ಬಿಟ್ಟಿರುತ್ತಾರೆ, ಇನ್ನೊಬ್ಬರ ಸಂಬಳದಲ್ಲಿ ಮನೆ ನಡೆಯುತ್ತದೆ. ಯಾರು ಬಿಟ್ಟರು, ಯಾರು ದುಡಿಯುತ್ತಿದ್ದಾರೆ ಎಂದು ವಿವರಿಸಬೇಕಿಲ್ಲ. ಈ ಸಂಬಳವಿಲ್ಲದ ದುಡಿಮೆಯನ್ನು ಲೆಕ್ಕಕ್ಕೆ ಹಿಡಿಯದೆ 'ನಮ್ಮ ಕೇಂದ್ರದಲ್ಲಿ ಖರ್ಚು ಕಡಿಮೆ' ಎನ್ನುವವರ ಮಾತು ನನಗೆ ಹಿಡಿಸುವುದಿಲ್ಲ.

ಕೇಂದ್ರ ಶುರುವಾಗುವ ಬಗೆ ಎಲ್ಲ ಕಡೆ ಹೆಚ್ಚುಕಡಿಮೆ ಒಂದೇ. ನಾಲ್ಕಾರು ಕುಟುಂಬ ಸೇರುತ್ತವೆ. ಬಾಡಿಗೆ, ಸಾಮಗ್ರಿ, ಸಹಾಯಕಿಯ ಸಂಬಳ ಹಂಚಿಕೊಳ್ಳುತ್ತವೆ. ಆರು ವರ್ಷದವರೂ ಹನ್ನೊಂದರವರೂ ಒಂದೇ ಹಜಾರದಲ್ಲಿ. ಯೂನಿಫಾರಂ ಇಲ್ಲ, ಗಂಟೆ ಇಲ್ಲ. ಬೆಳಗ್ಗೆ ಎರಡು ಗಂಟೆ ಓದು-ಲೆಕ್ಕ, ಆಮೇಲೆ ಮಣ್ಣು, ಮರಗೆಲಸ, ಅಡುಗೆ, ಕೆರೆಯ ಕಡೆ ಹಕ್ಕಿ ನೋಡಲು ನಡಿಗೆ. ಮೊದಲ ಕೆಲವು ತಿಂಗಳು ಸ್ವರ್ಗ. ಬೆಳಿಗ್ಗೆ ಹೊಟ್ಟೆನೋವೆಂದು ಅಳುತ್ತಿದ್ದ ಮಗು ತಾನೇ ಚಪ್ಪಲಿ ಹಾಕಿಕೊಂಡು ನಿಲ್ಲುತ್ತದೆ. ಎಷ್ಟೋ ಪೋಷಕರಿಗೆ ಅದೊಂದೇ ಸಾಕು. ಅದು ಸಣ್ಣ ಮಾತೂ ಅಲ್ಲ.

ಎರಡನೇ ವರ್ಷಕ್ಕೆ ಜಗಳ ಬರುತ್ತದೆ. ಮಕ್ಕಳದ್ದಲ್ಲ, ದೊಡ್ಡವರದ್ದು. ಮಗು ತನಗೆ ಬೇಕೆನಿಸಿದಾಗ ಕಲಿಯಲಿ ಎನ್ನುವವರು ಒಂದು ಕಡೆ. ಎಂಟು ತುಂಬಿದರೂ ಸರಾಗವಾಗಿ ಓದುತ್ತಿಲ್ಲವಲ್ಲ, ಪೋರ್ಷನ್ ಎಲ್ಲಿಗೆ ಬಂತು ಎನ್ನುವವರು ಇನ್ನೊಂದು ಕಡೆ. ಅಮೆರಿಕದ ಜಾನ್ ಹೋಲ್ಟ್ 1977ರಲ್ಲಿ ಮನೆಕಲಿಕೆಯ ಕುಟುಂಬಗಳಿಗೆಂದೇ ಪತ್ರಿಕೆ ಆರಂಭಿಸಿ ಬೆಳೆಸಿದ 'ಶಾಲೆಯೇ ಬೇಡ' ಎಂಬ ವಿಚಾರವನ್ನು ಓದಿಕೊಂಡು ಬಂದವರು ಮೊದಲ ಗುಂಪು. ಎರಡನೆಯ ಗುಂಪಿಗೆ ಬೇಕಿದ್ದದ್ದು ಶಾಲೆಯೇ, ಸ್ವಲ್ಪ ಒಳ್ಳೆಯ ಶಾಲೆ ಅಷ್ಟೆ. ಒಂದೇ ಬಾಡಿಗೆ ಕರಾರಿಗೆ ಸಹಿ ಹಾಕುವಾಗ ಈ ವ್ಯತ್ಯಾಸ ಯಾರಿಗೂ ಕಂಡಿರುವುದಿಲ್ಲ. ಜಗಳ ಮುಗಿಯುವ ಹೊತ್ತಿಗೆ ಗೋಡೆಯ ಮೇಲೆ ಟೈಮ್‌ಟೇಬಲ್ ಬಂದಿರುತ್ತದೆ, ತಿಂಗಳ ಫೀಸು ಬಂದಿರುತ್ತದೆ, ಹೊಸಬರನ್ನು ಸೇರಿಸಿಕೊಳ್ಳುವ ಮುನ್ನ 'ಪೋಷಕರ ಜೊತೆ ಒಂದು ಮಾತುಕತೆ' ಬಂದಿರುತ್ತದೆ. ದೊಡ್ಡ ಶಾಲೆಗಳು ಮಾಡುವ ಇಂಟರ್‌ವ್ಯೂಗೂ ಇದಕ್ಕೂ ಇರುವ ದೂರ ಬಹಳವಲ್ಲ.

ಜಪಾನಿನ ಒಂದು ಪುಟ್ಟ ಶಾಲೆಯ ಕಥೆ ಹೇಳುವ, ಕನ್ನಡಕ್ಕೂ ಬಂದಿರುವ 'ತೊತ್ತೋ-ಚಾನ್' ಪುಸ್ತಕ ಇಂಥ ಮನೆಗಳಲ್ಲಿ ಬಹುತೇಕ ಇರುತ್ತದೆ. ರೈಲುಬೋಗಿಯ ತರಗತಿಗಳು ಎಲ್ಲರಿಗೂ ನೆನಪು. ಆ ಶಾಲೆಯ ಮುಖ್ಯೋಪಾಧ್ಯಾಯ ಕೊಬಾಯಾಶಿ ಯುರೋಪಿಗೆ ಹೋಗಿ ಸಂಗೀತ-ಚಲನೆಯ ಶಿಕ್ಷಣ ಪದ್ಧತಿ ಕಲಿತು ಬಂದಿದ್ದರು ಎನ್ನುವುದು ಅಷ್ಟಾಗಿ ನೆನಪಿರುವುದಿಲ್ಲ. ಗಿಜುಭಾಯಿಯವರೂ ಬಾಲಮಂದಿರಕ್ಕೆ ಮೊದಲು ವರ್ಷಗಟ್ಟಲೆ ಮಕ್ಕಳೊಡನೆ ಕೆಲಸ ಮಾಡಿದರು. ಮಗುವಿನ ಮೇಲಿನ ಪ್ರೀತಿ ಪಾಠ ಹೇಳುವ ಕಸುಬನ್ನು ತಾನಾಗಿ ಕಲಿಸುವುದಿಲ್ಲ. ಆರನೇ ತರಗತಿಯ ಮಟ್ಟದವರೆಗೆ ಹೇಗೋ ನಡೆಯುತ್ತದೆ. ಬೀಜಗಣಿತ, ರಸಾಯನಶಾಸ್ತ್ರದ ಹೊತ್ತಿಗೆ ಕೇಂದ್ರಗಳು ಏದುಸಿರು ಬಿಡುತ್ತವೆ. ಹನ್ನೆರಡು-ಹದಿಮೂರರ ಮಕ್ಕಳಿಗೂ ಆಗ ಒಂದು ಟೀಮು ಕಟ್ಟುವಷ್ಟು ಗೆಳೆಯರು ಬೇಕಾಗಿರುತ್ತಾರೆ.

ಪರೀಕ್ಷೆಯ ಬಾಗಿಲು ಮುಚ್ಚಿಲ್ಲ. 1989ರಲ್ಲಿ ಶುರುವಾದ ರಾಷ್ಟ್ರೀಯ ಮುಕ್ತ ಶಾಲಾ ಶಿಕ್ಷಣ ಸಂಸ್ಥೆ, ಅಂದರೆ ಎನ್‌ಐಒಎಸ್, 14 ವರ್ಷ ತುಂಬಿದವರಿಗೆ ಹತ್ತನೇ ತರಗತಿಯ ಪರೀಕ್ಷೆ ಬರೆಯಲು ಬಿಡುತ್ತದೆ. ಐದು ವಿಷಯ ಸಾಕು, ಒಮ್ಮೆ ನೋಂದಾಯಿಸಿದರೆ ಐದು ವರ್ಷ ಕಾಲಾವಕಾಶ, ಒಂದೊಂದೇ ವಿಷಯ ಬರೆದು ಮುಗಿಸಬಹುದು, ಕನ್ನಡವನ್ನು ಭಾಷೆಯಾಗಿ ತೆಗೆದುಕೊಳ್ಳಬಹುದು. ಖಾಸಗಿ ಅಭ್ಯರ್ಥಿಯಾಗಿ ಎಸ್ಸೆಸ್ಸೆಲ್ಸಿ ಬರೆಯುವ ದಾರಿಯೂ ಇದೆ. ಆದರೆ ಮುಕ್ತ ಶಾಲೆಯಲ್ಲಿ ಪಿಯುಸಿ ಮಟ್ಟ ಮುಗಿಸಿದವರು ನೀಟ್ ಬರೆಯುವಂತಿಲ್ಲ ಎಂದು 2018ರಲ್ಲಿ ನಿಯಮ ಬಂದು, ಅದು ಇತ್ಯರ್ಥವಾಗಲು ಕೋರ್ಟುಗಳಲ್ಲಿ ವರ್ಷಗಳೇ ಹಿಡಿದವು.

ನಮ್ಮ ರಾಜ್ಯದಲ್ಲಿ ಇನ್ನೂ ಒಂದು ಗಂಟಿದೆ. ಸಿಇಟಿ ಸೀಟಿಗೆ ಸಾಮಾನ್ಯವಾಗಿ ಒಂದರಿಂದ ಹನ್ನೆರಡನೇ ತರಗತಿಯೊಳಗೆ ಕನಿಷ್ಠ 7 ವರ್ಷ ಕರ್ನಾಟಕದಲ್ಲಿ ಓದಿದ ವ್ಯಾಸಂಗ ಪ್ರಮಾಣಪತ್ರ ಬೇಕು. ಗ್ರಾಮೀಣ ಮತ್ತು ಕನ್ನಡ ಮಾಧ್ಯಮದ ಮೀಸಲಾತಿಗೆ ಒಂದರಿಂದ ಹತ್ತರವರೆಗಿನ ಹತ್ತೂ ವರ್ಷದ ದಾಖಲೆ ಬೇಕು. ಹುಟ್ಟಿದ್ದು ಇಲ್ಲೇ, ಬೆಳೆದದ್ದು ಇಲ್ಲೇ, ಕಾಗದದಲ್ಲಿ ಮಾತ್ರ ಎಲ್ಲೂ ಓದಿಲ್ಲ ಎಂಬ ಮಗುವಿಗೆ ಇದನ್ನು ಬರೆದುಕೊಡುವವರು ಯಾರು? ಪೋಷಕರ ಓದು-ನೆಲೆಯ ಆಧಾರದ ಮೇಲೆ ಬೇರೆ ಉಪನಿಯಮಗಳಿವೆ, ನಿಜ. ಅವು ಎಲ್ಲರಿಗೂ ಹೊಂದುವುದಿಲ್ಲ. ಕೇಂದ್ರ ಶುರು ಮಾಡುವ ಉತ್ಸಾಹದಲ್ಲಿ ಈ ಪುಟವನ್ನು ಯಾರೂ ತಿರುವುವುದಿಲ್ಲ.

ಇನ್ನೊಂದು ಲೋಪ ನನಗೆ ಇದಕ್ಕಿಂತ ದೊಡ್ಡದಾಗಿ ಕಾಣುತ್ತದೆ. ಕನ್ನಡ ಮಾತಾಡಿದ್ದಕ್ಕೆ ದಂಡ ಹಾಕಿದ ಶಾಲೆಯನ್ನು ಬಿಟ್ಟು ಬಂದವರ ಕೇಂದ್ರದಲ್ಲೂ ನಡೆಯುವುದು ಇಂಗ್ಲಿಷೇ. ಕನ್ನಡ ಅಲ್ಲಿ ಶುಕ್ರವಾರ ಮಧ್ಯಾಹ್ನದ ಎರಡು ಹಾಡು. ಕನ್ನಡ ಭಾಷಾ ಕಲಿಕಾ ಅಧಿನಿಯಮ, 2015 ಶಾಲೆಗಳನ್ನು ಕುರಿತದ್ದು. 'ನಾವು ಶಾಲೆಯಲ್ಲ' ಎನ್ನುವವರನ್ನು ಅದು ಮುಟ್ಟುವುದಿಲ್ಲ. ಅಲ್ಲಿ ಕೂಡುವ ಮಕ್ಕಳೂ ಒಂದೇ ಬಗೆಯ ಮನೆಗಳವರು. ಸರ್ಕಾರಿ ಶಾಲೆಯ ಬಿಸಿಯೂಟದ ಸಾಲಿನಲ್ಲಿ ಗಾರೆ ಕೆಲಸದವರ ಮಗಳೂ ಅಂಗಡಿಯವರ ಮಗನೂ ಪಕ್ಕಪಕ್ಕ ಕೂರುತ್ತಾರೆ. ಖಾಸಗಿ ಶಾಲೆಗಳಲ್ಲಿ ಶಿಕ್ಷಣ ಹಕ್ಕು ಕಾಯ್ದೆಯಡಿ ಬಡಮಕ್ಕಳಿಗೆ ಮೀಸಲಾದ ಶೇ 25ರ ಸೀಟುಗಳಿಂದ ಅಷ್ಟಿಷ್ಟು ಆಗುತ್ತಿದ್ದದ್ದನ್ನೂ ರಾಜ್ಯದ ನಿಯಮ ತಿದ್ದುಪಡಿ ಕುಗ್ಗಿಸಿತು. ಹನ್ನೆರಡು ಮಕ್ಕಳ ಕೇಂದ್ರದಲ್ಲಿ ಮನೆಗೆಲಸದಾಕೆಯ ಮಗುವಿಗೆ ಒಂದು ಜಾಗ ಇಡುವುದು ಕಷ್ಟವಲ್ಲ. ಇಟ್ಟವರು ಕಡಿಮೆ.

ಹಾಗಂತ ಈ ಪ್ರಯೋಗಗಳನ್ನು ಶ್ರೀಮಂತರ ಹವ್ಯಾಸವೆಂದು ತಳ್ಳಿಹಾಕುವುದೂ ಸರಿಯಲ್ಲ. ಶಿಕ್ಷಣತಜ್ಞ ಡೇವಿಡ್ ಹಾರ್ಸ್‌ಬರೋ 1972ರಲ್ಲಿ ಕೋಲಾರ ಜಿಲ್ಲೆಯ ರಾಯಲ್ಪಾಡಿನಲ್ಲಿ 'ನೀಲ್‌ಬಾಗ್' ಎಂಬ ಪುಟ್ಟ ಶಾಲೆ ತೆರೆದರು. ತರಗತಿಗಳ ಗೋಡೆಯಿಲ್ಲದೆ, ಪ್ರತಿ ಮಗು ತನ್ನ ವೇಗದಲ್ಲಿ ಕಲಿಯುವ ಶಾಲೆ ಅದು. ಅದರ ಪ್ರಭಾವ ಆಂಧ್ರದ ರಿಷಿವ್ಯಾಲಿಯ ಹಳ್ಳಿಶಾಲೆಗಳಿಗೆ ಹಬ್ಬಿತು. 1995ರ ಸುಮಾರಿಗೆ ಎಚ್.ಡಿ. ಕೋಟೆ ತಾಲ್ಲೂಕಿನ ಸರ್ಕಾರಿ ಶಿಕ್ಷಕರು ಅಲ್ಲಿಗೆ ಹೋಗಿ ನೋಡಿಬಂದು ಕಟ್ಟಿದ್ದೇ ನಲಿ-ಕಲಿ ಪದ್ಧತಿ. 2009-10ರಿಂದ ಅದು ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳ ಚಿಕ್ಕ ತರಗತಿಗಳಿಗೆಲ್ಲ ಬಂತು. ಬೇರೆ ಬೇರೆ ವಯಸ್ಸಿನವರು ಒಟ್ಟಿಗೆ, ಕಾರ್ಡು ಹಿಡಿದು, ಕಲಿಕಾ ಏಣಿ ಹತ್ತುತ್ತಾ ಕಲಿಯುವುದಕ್ಕೆ ಬೆಂಗಳೂರಿನ ಪೋಷಕರು ಇವತ್ತು ಸಾವಿರಾರು ರೂಪಾಯಿ ಕೊಡುತ್ತಾರೆ; ಪಕ್ಕದ ಸರ್ಕಾರಿ ಶಾಲೆಯಲ್ಲಿ ಅದು ಪುಕ್ಕಟೆ ಇದೆಯೆಂದು ಅವರಲ್ಲಿ ಎಷ್ಟು ಮಂದಿಗೆ ಗೊತ್ತೋ!

ಕಾನೂನಿನ ಸಂದಿಯನ್ನು ಹೀಗೇ ಬಿಡುವುದರಿಂದ ಯಾರಿಗೂ ಒಳಿತಿಲ್ಲ. ಜರ್ಮನಿ ಮನೆಕಲಿಕೆಯನ್ನು ಒಪ್ಪುವುದಿಲ್ಲ, ಅಮೆರಿಕದ 50 ರಾಜ್ಯಗಳೂ ಒಪ್ಪುತ್ತವೆ. ಇಂಗ್ಲೆಂಡ್ ಮನೆಕಲಿಕೆಯನ್ನು ಒಪ್ಪಿ, ಐದು ಅಥವಾ ಹೆಚ್ಚು ಮಕ್ಕಳಿಗೆ ಪೂರ್ಣಾವಧಿ ಕಲಿಸುವ ಜಾಗವನ್ನು ಮಾತ್ರ ಶಾಲೆಯೆಂದು ಕರೆದು ನೋಂದಣಿ ಕೇಳುತ್ತದೆ. ನಮ್ಮ ಶಿಕ್ಷಣ ಇಲಾಖೆಯೂ ಅಂಥದ್ದೊಂದು ಗೆರೆ ಎಳೆಯಬೇಕು: ಎಷ್ಟು ಮಕ್ಕಳವರೆಗೆ ಮನೆ, ಎಲ್ಲಿಂದ ಶಾಲೆ. ಗೆರೆಯ ಈಚೆಗಿನವರಿಗೆ ಒಂದು ಸರಳ ನೋಂದಣಿ, ವರ್ಷಕ್ಕೊಮ್ಮೆ ಓದು-ಬರಹದ ಅಂಕಗಳಿಲ್ಲದ ಪರಿಶೀಲನೆ, ಒಂದು ವ್ಯಾಸಂಗ ಪತ್ರ. ಆಚೆಗಿನವರಿಗೆ ಮಕ್ಕಳ ಸುರಕ್ಷತೆಯ ನಿಯಮಗಳು ರಿಯಾಯಿತಿ ಇಲ್ಲದೆ. 'ಸರ್ಕಾರ ತಲೆಹಾಕಬಾರದು' ಎನ್ನುವ ಪೋಷಕರು, ಅಪರಿಚಿತರ ಮಕ್ಕಳನ್ನು ದಿನವಿಡೀ ಇಟ್ಟುಕೊಳ್ಳುವ ಮನೆಯೊಳಗೆ ಯಾರೂ ಇಣುಕಬಾರದು ಎಂದು ಹೇಗೆ ವಾದಿಸುತ್ತಾರೋ ನನಗೆ ತಿಳಿಯದು.

ಈ ವರ್ಷ ಮಗುವನ್ನು ಶಾಲೆ ಬಿಡಿಸುವ ಯೋಚನೆಯಲ್ಲಿರುವವರು ಟಿಸಿ, ವ್ಯಾಸಂಗ ಪ್ರಮಾಣಪತ್ರ, ಇಲಾಖೆಯ ದಾಖಲೆಯಲ್ಲಿ ಮಗುವನ್ನು ಗುರುತಿಸುವ ಸ್ಯಾಟ್ಸ್ ಸಂಖ್ಯೆ ಎಲ್ಲವನ್ನೂ ಕೈಗೆ ತೆಗೆದುಕೊಂಡೇ ಹೊರಬನ್ನಿ. ಜೊತೆಯಾಗುವ ಕುಟುಂಬಗಳು ಮಗುವಿನಿಂದ ಏನು ಬಯಸುತ್ತಿವೆ ಎಂಬುದನ್ನು ಬಾಡಿಗೆ ಮುಂಗಡ ಕೊಡುವ ಮೊದಲೇ ಕೇಳಿಕೊಳ್ಳಿ. ಪ್ರಯೋಗ ಕೈಕೊಟ್ಟರೆ ಖಾಸಗಿ ಶಾಲೆಗಳು ಹಿಂದಿನ ದಾಖಲೆಗಳನ್ನೆಲ್ಲ ಕೇಳುತ್ತವೆ. ಆದರೆ ಶಾಲೆಯಿಂದ ಹೊರಗುಳಿದ 6ರಿಂದ 14 ವರ್ಷದ ಮಗುವನ್ನು ವಯಸ್ಸಿಗೆ ತಕ್ಕ ತರಗತಿಗೇ ಸೇರಿಸಿಕೊಂಡು, ಹಿಂದುಳಿದಿದ್ದರೆ ವಿಶೇಷ ತರಬೇತಿ ಕೊಡಬೇಕೆಂದು ಶಿಕ್ಷಣ ಹಕ್ಕು ಕಾಯ್ದೆಯ 4ನೇ ಸೆಕ್ಷನ್ ಹೇಳುತ್ತದೆ. ಹಾಗಾಗಿ ನಿಮ್ಮ ಬಡಾವಣೆಯ ಸರ್ಕಾರಿ ಶಾಲೆ ಯಾವ ರಸ್ತೆಯಲ್ಲಿದೆ ಎಂದು ಈಗಲೇ ಒಮ್ಮೆ ಹೋಗಿ ನೋಡಿಟ್ಟುಕೊಳ್ಳಿ.