ನೆಲದೊಳಗಿನ ಚರಂಡಿ ಕೊಳವೆಗಳ ಬಳಿ ಮನೆಯನ್ನು ವಿಸ್ತರಿಸುವ ಕ್ರಮ

ಪೈರು ಚೆನ್ನಾಗಿ ಕೈಗೆ ಬಂದ ವರುಷ ರೈತರು ಕೈಹಾಕುವ ಕೆಲಸಗಳಲ್ಲಿ ಇದ್ದ ಮನೆಗೆ ಒಂದು ಅಂಕಣವನ್ನು ಸೇರಿಸುವುದೂ ಒಂದು. ಕಾಳಿನ ಕೋಣೆಯಾಗಲಿ, ದನದ ಕೊಟ್ಟಿಗೆಯಾಗಲಿ, ಮದುವೆಯಾದ ಮಗನಿಗೊಂದು ಕೊಠಡಿಯಾಗಲಿ, ಸಾಮಾನ್ಯವಾಗಿ ಹಿತ್ತಲ ಕಡೆಗೇ ಬೆಳೆಯುತ್ತದೆ. ಬಚ್ಚಲು ಕಕ್ಕಸುಗಳ ನೀರನ್ನು ಒಯ್ಯುವ ಕೊಳವೆಗಳು ಹೂತಿರುವುದೂ ಆ ಹಿತ್ತಲಿನಲ್ಲಿಯೇ. ಅವು ಕಣ್ಣಿಗೆ ಕಾಣದಿರುವುದರಿಂದ ಲೆಕ್ಕಕ್ಕೆ ತೆಗೆದುಕೊಳ್ಳದೆ ಪಾಯ ತೋಡುವವರು ಅನೇಕರು. ಅದರಿಂದಾಗುವ ನಷ್ಟವೂ ಅದನ್ನು ತಪ್ಪಿಸುವ ಕ್ರಮವೂ ಇಲ್ಲಿ ವಿವರಿಸಲ್ಪಟ್ಟಿವೆ.

1. ಕೆಡುಕು ಉಂಟಾಗುವ ಬಗೆ.— ಗೋಡೆಯ ಭಾರವು ಪಾಯದ ಅಡಿಯಿಂದ ನೆಟ್ಟಗೆ ಕೆಳಕ್ಕೆ ಮಾತ್ರ ಇಳಿಯುವುದಿಲ್ಲ. ಎರಡು ಪಕ್ಕಗಳಿಗೂ ಓರೆಯಾಗಿ ಹರಡುತ್ತದೆ. ಒಂದು ಅಡಿ ಇಳಿದಲ್ಲಿ ಒಂದು ಅಡಿ ಪಕ್ಕಕ್ಕೂ ಹರಡುವುದೆಂದು ಎಣಿಸುವುದು ಕ್ಷೇಮ. ಈ ಓರೆಯೊಳಗೆ ಸಿಕ್ಕಿದ ಸುಟ್ಟ ಮಣ್ಣಿನ ಕೊಳವೆಯು ಬಿರಿಯಬಹುದು, ಇಲ್ಲವೆ ಅದರ ಕೀಲು ಬಿಡಬಹುದು. ಸೋರಿದ ನೀರು ಪಾಯದ ಕೆಳಗಿನ ಮಣ್ಣನ್ನು ಮೆತ್ತಗೆ ಮಾಡಿ ಕೊಚ್ಚಿಕೊಂಡು ಹೋಗುತ್ತದೆ; ಗೋಡೆಯು ಕುಸಿದು ಸೀಳುತ್ತದೆ. ಹೀಗೆ ಗೋಡೆಯಿಂದ ಕೊಳವೆಯೂ ಕೊಳವೆಯಿಂದ ಗೋಡೆಯೂ ಕೆಡುತ್ತವೆ. ನೆಲದಿಂದ ತೇವವೇರಿದ ಕೋಣೆಯಲ್ಲಿ ರಾಗಿ ಭತ್ತಗಳು ಮುಗ್ಗಲು ಹಿಡಿಯುತ್ತವೆ, ಗೆದ್ದಲೂ ಸೇರುತ್ತದೆ.

2. ಬಾವಿಗೆ ಅಪಾಯ.— ಸೋರಿದ ನೀರು ಬಾವಿಯನ್ನು ಮುಟ್ಟಿದರೆ ಹಾನಿಯು ಒಂದು ಮನೆಗೆ ನಿಲ್ಲುವುದಿಲ್ಲ. 1854ರಲ್ಲಿ ಲಂಡನ್ ನಗರದ ಬ್ರಾಡ್ ಬೀದಿಯ ಸುತ್ತಮುತ್ತ ಕಾಲರಾ ಹರಡಿ 600ಕ್ಕೂ ಹೆಚ್ಚು ಮಂದಿ ಮೃತರಾದರು. ಆ ಬೀದಿಯ ಪಂಪಿನ ನೀರೇ ಕಾರಣವೆಂದು ಜಾನ್ ಸ್ನೋ ಎಂಬ ವೈದ್ಯರು ತೋರಿಸಿಕೊಟ್ಟರು. ಮರುವರ್ಷ ಅಗೆದು ನೋಡಲಾಗಿ, ಪಕ್ಕದ ಮನೆಯ ಮಲದ ಗುಂಡಿಯು ಬಾವಿಗೆ 3 ಅಡಿಗಿಂತಲೂ ಹತ್ತಿರದಲ್ಲಿದ್ದು, ಅದರ ಇಟ್ಟಿಗೆ ಕಟ್ಟಡವು ಶಿಥಿಲವಾಗಿದ್ದುದು ಕಂಡುಬಂದಿತು. ನೀರು ತಿಳಿಯಾಗಿ ಕಂಡಮಾತ್ರಕ್ಕೆ ಶುದ್ಧವೆಂದು ನಂಬತಕ್ಕದ್ದಲ್ಲ.

3. ಕೊಳವೆಯ ಜಾಡನ್ನು ಹುಡುಕುವುದು.— ಪಾಯದ ದಾರ ಹಿಡಿಯುವುದಕ್ಕೆ ಮುಂಚೆ, ಚೇಂಬರು ಎಂದು ಕರೆಯುವ ತಪಾಸಣೆಯ ಗುಂಡಿಗಳ ಮುಚ್ಚಳಗಳನ್ನು ತೆಗೆಯತಕ್ಕದ್ದು. ಕ್ರಮವಾಗಿ ಹಾಕಿದ ಕೊಳವೆಯು ಎರಡು ಗುಂಡಿಗಳ ನಡುವೆ ನೇರವಾಗಿರುತ್ತದೆ. ದಾರ ಕಟ್ಟಿದರೆ ಅದರ ಜಾಡು ತಿಳಿಯುತ್ತದೆ. ಸಂಶಯವಿದ್ದಲ್ಲಿ ಮೇಲಿನ ಗುಂಡಿಗೆ ಸುಣ್ಣದ ನೀರನ್ನು ಸುರಿದು ಅದು ಎಲ್ಲಿ ಹೊರಡುವುದೆಂದು ನೋಡಬೇಕು. ಕೊಳವೆಯ ತಳದ ಆಳವನ್ನು ಮೇಲಿನಿಂದಲೇ ಗಳುವಿನಿಂದ ಅಳೆಯಬೇಕು. ಗುಂಡಿಯಲ್ಲಿ ವಿಷವಾಯು ತುಂಬಿರಬಹುದಾದುದರಿಂದ ಯಾರನ್ನೂ ಒಳಕ್ಕೆ ಇಳಿಸಕೂಡದು. ಚರಂಡಿ ಮತ್ತು ಮಲದ ಗುಂಡಿಗಳನ್ನು ಬಳಿಯಲು ರಕ್ಷಣೆಯಿಲ್ಲದೆ ಮನುಷ್ಯರನ್ನು ಇಳಿಸುವುದನ್ನು 2013ರ ಶಾಸನವೂ ನಿಷೇಧಿಸಿದೆ.

4. ಗೋಡೆಗೂ ಕೊಳವೆಗೂ ಇರಬೇಕಾದ ಅಂತರ.— ಕೊಳವೆಯ ತಳವು 4 ಅಡಿ ಆಳದಲ್ಲಿಯೂ ಪಾಯದ ತಳವು ಎರಡೂವರೆ ಅಡಿ ಆಳದಲ್ಲಿಯೂ ಇದ್ದರೆ ವ್ಯತ್ಯಾಸವು ಒಂದೂವರೆ ಅಡಿ. ಪಾಯದ ಅಂಚು ಕೊಳವೆಯಿಂದ ಅಷ್ಟಾದರೂ ದೂರವಿರಬೇಕು. 3 ಅಡಿ ಬಿಟ್ಟರೆ ಮುಂದೆ ದುರಸ್ತಿಗಾಗಿ ಅಗೆಯುವುದಕ್ಕೂ ಸ್ಥಳವಿರುತ್ತದೆ. ಅಷ್ಟು ಜಾಗವಿಲ್ಲದಿದ್ದರೆ ಪಾಯವನ್ನೇ ಕೊಳವೆಯ ತಳದ ಮಟ್ಟಕ್ಕೆ ಇಳಿಸಬೇಕು. ಆಗ ಭಾರವು ಕೊಳವೆಗಿಂತ ಕೆಳಗಿನ ನೆಲಕ್ಕೆ ಸೇರುತ್ತದೆ. ಹಾಗೆ ಇಳಿಸುವಾಗ ಉದ್ದಕ್ಕೂ ಒಮ್ಮೆಗೇ ತೋಡಬಾರದು. ನಾಲ್ಕು ನಾಲ್ಕು ಅಡಿ ತೋಡಿ ಕಟ್ಟಿ ಮುಂದುವರಿಯಬೇಕು. ಇಲ್ಲವಾದರೆ ಪಕ್ಕದ ಮಣ್ಣು ಜರಿದು ಕೊಳವೆ ಜಾರುತ್ತದೆ.

5. ಗೋಡೆಯು ಕೊಳವೆಯನ್ನು ದಾಟಬೇಕಾದಾಗ.— ಕೊಳವೆಯ ಮೇಲೆ ಕಲ್ಲಿನ ಚಪ್ಪಡಿಯನ್ನು ತೊಲೆಯಂತೆ ಹಾಸಿ, ಸುತ್ತಲೂ 2 ಅಂಗುಲ ತೆರಪು ಬಿಟ್ಟು ಗೋಡೆ ಕಟ್ಟತಕ್ಕದ್ದು. ಈ ತೆರಪಿಗೆ ಗಾರೆ ತುಂಬಿದರೆ ಗೋಡೆ ಕೂತಾಗ ಕೊಳವೆಯೂ ಮುರಿಯುತ್ತದೆ. ಎರಡು ಕಡೆಗಳಲ್ಲಿಯೂ ಹಲಗೆಯಿಂದ ಮರೆ ಮಾಡಿದರೆ ಮಣ್ಣೂ ಹೆಗ್ಗಣವೂ ನುಗ್ಗುವುದಿಲ್ಲ. ತಪಾಸಣೆಯ ಗುಂಡಿಯು ಕೋಣೆಯೊಳಗೆ ಬರುವಂತಿದ್ದರೆ ಅದನ್ನು ಹೊರಕ್ಕೆ ಸಾಗಿಸಲೇಬೇಕು.

6. ಎರೆಭೂಮಿಯ ವಿಷಯ.— ಎರೆಮಣ್ಣು ಮಳೆಗಾಲದಲ್ಲಿ ಉಬ್ಬಿ ಬೇಸಗೆಯಲ್ಲಿ ಬಿರಿಯುವುದನ್ನು ರೈತರೆಲ್ಲರೂ ಬಲ್ಲರು. ಅದರೊಡನೆ ಕೊಳವೆಯೂ ಏಳುತ್ತ ಇಳಿಯುತ್ತ ಇರುತ್ತದೆ. ಸಿಮೆಂಟಿನ ಕೀಲು ಇದನ್ನು ತಾಳಲಾರದು. ಇಂಥ ನೆಲದಲ್ಲಿ ರಬ್ಬರು ಬಳೆಯ ಕೀಲುಳ್ಳ ಪಿ.ವಿ.ಸಿ. ಕೊಳವೆ ಮೇಲು. ಸುತ್ತಲೂ ಎರೆಮಣ್ಣಿಗೆ ಬದಲಾಗಿ ಗರಸನ್ನು ತುಂಬಬೇಕು. ಪಾಯವು ಬಿರುಕು ಇಳಿಯುವ ಆಳವನ್ನು ದಾಟಿರಬೇಕು.

7. ಕೊಳವೆಯ ದಾರಿಯನ್ನು ಬದಲಿಸುವುದು.— ಹೊಸ ದಾರಿಯಲ್ಲಿ 4 ಅಂಗುಲದ ಕೊಳವೆಗೆ 40 ಅಡಿಗೆ ಒಂದು ಅಡಿಯಂತೆಯೂ, 6 ಅಂಗುಲದ್ದಕ್ಕೆ 60 ಅಡಿಗೆ ಒಂದು ಅಡಿಯಂತೆಯೂ ಇಳಿಜಾರಿರಲಿ. ಇದಕ್ಕಿಂತ ಮಟ್ಟವಾದರೆ ಗಷ್ಟು ತಳದಲ್ಲಿ ನಿಲ್ಲುತ್ತದೆ. ತಿರುವು ಬಂದಲ್ಲೆಲ್ಲ ಒಂದು ಗುಂಡಿ ಬೇಕು. ಆಲ, ಅರಳಿ, ಅತ್ತಿಯ ಮರಗಳಿಂದ ದೂರ ಸರಿಯಬೇಕು. ಅವುಗಳ ಬೇರು ನೀರಿನಾಸೆಗೆ ಕೀಲುಗಳೊಳಗೆ ನುಗ್ಗುತ್ತದೆ. ಮಣ್ಣು ಮುಚ್ಚುವ ಮೊದಲು ಕೆಳತುದಿಗೆ ಬಿರಡೆಯಿಟ್ಟು ನೀರು ತುಂಬಿ ಅರ್ಧ ಗಂಟೆ ಕಾಯಬೇಕು. ನೀರಿನ ಮಟ್ಟ ಇಳಿಯುತ್ತ ಹೋದರೆ ಕೀಲುಗಳನ್ನು ಪರೀಕ್ಷಿಸಬೇಕು. ಬಳಿಕ ಕಲ್ಲಿಲ್ಲದ ಮಣ್ಣನ್ನು 6 ಅಂಗುಲದ ವರಸೆಗಳಲ್ಲಿ ಹಾಕಿ ಅದುಮಬೇಕು.

8. ಗ್ರಾಮ ಮುಖ್ಯಸ್ಥರ ಕರ್ತವ್ಯ.— ಹಲವು ಮನೆಗಳಿಗೆ ಸೇರಿದ ಕೊಳವೆಯ ಮೇಲೆ ಒಬ್ಬರು ಗೋಡೆಯೆಬ್ಬಿಸಿದರೆ ಹೊಲಸು ನೀರು ನೆರೆಯವರ ಅಂಗಳದಲ್ಲಿ ಉಕ್ಕುತ್ತದೆ. ಅದರಿಂದ ಹುಟ್ಟುವ ವ್ಯಾಜ್ಯಕ್ಕೆ ಕೊನೆಯಿಲ್ಲ. ಆದುದರಿಂದ ಗ್ರಾಮ ಪಂಚಾಯಿತಿಯ ಅನುಮತಿಯನ್ನೂ ನೆರೆಯವರ ಒಪ್ಪಿಗೆಯನ್ನೂ ಪಡೆದ ಮೇಲೆಯೇ ಕೆಲಸ ಆರಂಭವಾಗುವಂತೆ ಮುಖ್ಯಸ್ಥರು ನೋಡಿಕೊಳ್ಳತಕ್ಕದ್ದು. ಊರಿನ ಕೊಳವೆಗಳ ಜಾಡು, ಆಳ, ಗುಂಡಿಗಳ ಸ್ಥಾನ ಇವನ್ನು ಗುರುತಿಸಿದ ಒಂದು ನಕ್ಷೆಯನ್ನು ಬರೆಸಿಟ್ಟರೆ, ಕೊಳವೆ ಹಾಕಿದವರು ಇಲ್ಲದ ಕಾಲಕ್ಕೂ ಅದು ಊರಿಗೆ ಒದಗುತ್ತದೆ. ಪಾಯಕ್ಕೆ ಮುಂಚೆ ಒಂದು ದಿನ ಅಳೆದು ನೋಡುವುದು, ಕಟ್ಟಿದ ಗೋಡೆಯನ್ನು ಕೆಡವಿ ಕಟ್ಟುವುದಕ್ಕಿಂತ ಎಷ್ಟೋ ಸುಲಭ.