ಸಹ್ಯಾದ್ರಿಯ ಮಡಿಲಿನ ಹುಕ್ಕೇರಿ ನಾಡು

ಪಶ್ಚಿಮಕ್ಕೆ ಸಹ್ಯಾದ್ರಿಯ ಸಾಲು, ಪೂರ್ವಕ್ಕೆ ಎರೆಯ ಬಯಲು. ಇವೆರಡರ ನಡುವೆ ಇಳಿಜಾರಾಗಿ ಹಬ್ಬಿದ ನೆಲವೇ ಹುಕ್ಕೇರಿ ತಾಲ್ಲೂಕು. ಬೆಳಗಾವಿ ನಗರದಿಂದ ಉತ್ತರಕ್ಕೆ ಸುಮಾರು 50 ಕಿಲೋಮೀಟರುಗಳ ದೂರದಲ್ಲಿ ಇದರ ಕೇಂದ್ರಸ್ಥಳವಿದೆ. ಘಟ್ಟದಲ್ಲಿ ಹುಟ್ಟಿದ ಘಟಪ್ರಭಾ ಮತ್ತು ಹಿರಣ್ಯಕೇಶಿ ನದಿಗಳು ಈ ನಾಡಿನಲ್ಲಿಯೇ ಒಂದನ್ನೊಂದು ಕೂಡುತ್ತವೆ. ತಾಲ್ಲೂಕಿನ ಪಶ್ಚಿಮದ ಅಂಚಿನಲ್ಲಿ ಧಾರಾಳವಾಗಿ ಸುರಿಯುವ ಮಳೆಯು ಪೂರ್ವಕ್ಕೆ ಸಾಗಿದಂತೆ ಕಡಿಮೆಯಾಗುತ್ತದೆ. ಆದುದರಿಂದ ಇಲ್ಲಿಯ ಜನಜೀವನದಲ್ಲಿ ನೀರಿನ ಪ್ರಶ್ನೆಯೂ, ನೆಲದ ಪ್ರಶ್ನೆಯೂ ಎಂದೂ ಬೇರೆ ಬೇರೆಯಾಗಿರಲಿಲ್ಲ. ಇವೆರಡನ್ನೂ ಯಾರು ಆಳಬೇಕು, ಯಾರ ಹಿತಕ್ಕಾಗಿ ಆಳಬೇಕು ಎಂಬುದೇ ಈ ನಾಡಿನ ಇತಿಹಾಸದ ತಿರುಳು.

ಹುಕ್ಕೇರಿ ಎಂಬ ಹೆಸರು 'ಹೂವಿನ ಕೇರಿ' ಎಂಬುದರಿಂದ ಬಂದಿತೆಂದೂ, ಇಲ್ಲಿ ಬೆಳೆದ ಗುಲಾಬಿ ಹೂಗಳು ವಿಜಾಪುರದ ಅರಮನೆಗೆ ಹೋಗುತ್ತಿದ್ದವೆಂದೂ ಜನರು ಹೇಳುತ್ತಾರೆ. ಇದು ಪರಂಪರೆಯಿಂದ ಬಂದ ಮಾತು. ವಿಜಾಪುರದೊಡನೆ ಊರಿಗೆ ಇದ್ದ ಸಂಬಂಧಕ್ಕಾದರೋ ಕಲ್ಲಿನ ಸಾಕ್ಷಿಯೇ ಇದೆ. ಆದಿಲಶಾಹಿ ಕಾಲದ ಮೂರು ಗುಮ್ಮಟಗಳು ಇಂದಿಗೂ ಹುಕ್ಕೇರಿಯಲ್ಲಿ ತಲೆಯೆತ್ತಿ ನಿಂತಿವೆ. ಹದಿನಾರನೆಯ ಶತಮಾನದಲ್ಲಿ ಈ ಪ್ರದೇಶವು ಐನ್-ಉಲ್-ಮುಲ್ಕ್ ಗಿಲಾನಿ ಎಂಬ ಸರದಾರನಿಗೆ ಜಹಗೀರಾಗಿ ದೊರೆತಿದ್ದಿತು. ಜಹಗೀರು ಎಂದರೆ ಒಂದು ಪ್ರದೇಶದ ಕಂದಾಯವನ್ನು ಎತ್ತಿಕೊಂಡು, ಅದರಿಂದ ಸೈನ್ಯವನ್ನು ಸಾಕಿ, ಸುಲ್ತಾನನು ಕರೆದಾಗ ಯುದ್ಧಕ್ಕೆ ಹೋಗುವ ಹೊಣೆ. ಜಹಗೀರುದಾರನು ಲೆಕ್ಕ ಒಪ್ಪಿಸಬೇಕಾದುದು ಸುಲ್ತಾನನಿಗೆ, ಉಳುವ ರೈತನಿಗಲ್ಲ.

1686ರಲ್ಲಿ ವಿಜಾಪುರವು ಔರಂಗಜೇಬನ ವಶವಾಯಿತು. ಮೊಗಲರ ತರುವಾಯ ಈ ಭಾಗವು ಮರಾಠರ ಆಳ್ವಿಕೆಗೆ ಒಳಪಟ್ಟಿತು. ಸಿಂಹಾಸನಗಳು ಹೀಗೆ ಬದಲಾದರೂ ಹಳ್ಳಿಯ ಚಾವಡಿಯಲ್ಲಿ ಹೆಚ್ಚಿನ ಬದಲಾವಣೆ ಕಾಣಲಿಲ್ಲ. ಪರಗಣೆಗೆ ದೇಸಾಯಿ ಮತ್ತು ದೇಶಪಾಂಡೆ, ಹಳ್ಳಿಗೆ ಗೌಡ ಮತ್ತು ಕುಲಕರ್ಣಿ, ಕಾವಲಿಗೆ ತಳವಾರ, ಹೀಗೆ ವಂಶಪರಂಪರೆಯ ವತನದಾರರು ಆಡಳಿತವನ್ನು ನಡೆಸುತ್ತಿದ್ದರು. ಗೌಡನು ಕಂದಾಯ ವಸೂಲಿ ಮಾಡುವನು. ಕುಲಕರ್ಣಿಯು ಅದನ್ನು ದಫ್ತರದಲ್ಲಿ ಬರೆಯುವನು. ಊರಿನ ಕಷ್ಟಸುಖವನ್ನು ಬಲ್ಲವರೇ ಊರಿನ ಆಡಳಿತವನ್ನು ನೋಡಿಕೊಳ್ಳುತ್ತಿದ್ದುದು ಈ ವ್ಯವಸ್ಥೆಯ ಗುಣ. ಆದರೆ ಅಧಿಕಾರವು ಹುಟ್ಟಿನಿಂದ ಬರುತ್ತಿತ್ತೇ ಹೊರತು ಜನರ ಒಪ್ಪಿಗೆಯಿಂದಲ್ಲ. ಅಕ್ಷರ ಬಾರದ ರೈತನು ತನ್ನ ಹೆಸರಿನ ಮುಂದೆ ಏನು ಬರೆದಿದೆ ಎಂಬುದನ್ನು ಬರೆದವನ ಬಾಯಿಂದಲೇ ಕೇಳಿ ನಂಬಬೇಕಾಗಿತ್ತು.

1818ರಲ್ಲಿ ಪೇಶ್ವೆಯ ಆಳ್ವಿಕೆ ಕೊನೆಗೊಂಡು, ಈ ಸೀಮೆಯಲ್ಲಿ ಬ್ರಿಟಿಷರ ಅಧಿಕಾರ ನೆಲೆಗೊಂಡಿತು. 1836ರಲ್ಲಿ ಬೆಳಗಾವಿಯು ಧಾರವಾಡದಿಂದ ಬೇರ್ಪಟ್ಟು ಮುಂಬಯಿ ಪ್ರಾಂತ್ಯದ ಪ್ರತ್ಯೇಕ ಜಿಲ್ಲೆಯಾಯಿತು. ಹುಕ್ಕೇರಿಯು ಆಗ ಚಿಕ್ಕೋಡಿ ತಾಲ್ಲೂಕಿನಲ್ಲಿ ಸೇರಿದ್ದಿತು. ಹೊಸ ಸರ್ಕಾರವು ಭೂಮಿಯನ್ನು ಅಳೆದು, ಪ್ರತಿ ಹೊಲಕ್ಕೂ ಸರ್ವೆ ನಂಬರನ್ನು ಕೊಟ್ಟು, ಮೂವತ್ತು ವರ್ಷಗಳವರೆಗೆ ಕಂದಾಯವನ್ನು ನಿಗದಿ ಮಾಡುವ ಪದ್ಧತಿಯನ್ನು ತಂದಿತು. ರೈತನಿಗೆ ತನ್ನ ಹೊಲದ ಮೇಲೆ ಬರಹದ ಆಧಾರ ದೊರೆತುದು ಇದರ ಲಾಭ. ಆದರೆ ಕಂದಾಯವನ್ನು ಹಣದ ರೂಪದಲ್ಲಿ, ಗೊತ್ತಾದ ದಿನಕ್ಕೆ ಕಟ್ಟಬೇಕಾಗಿತ್ತು. ಮಳೆ ತಪ್ಪಿದ ವರ್ಷ ರೈತನು ಸಾಹುಕಾರನ ಬಾಗಿಲಿಗೆ ಹೋಗುವುದು ಅನಿವಾರ್ಯವಾಯಿತು. 1876ರಿಂದ 1878ರವರೆಗೆ ದಖ್ಖನಿನಲ್ಲಿ ಬಿದ್ದ ಘೋರ ಬರವು ಬೆಳಗಾವಿ ಜಿಲ್ಲೆಯನ್ನೂ ಬಿಡಲಿಲ್ಲ. ನೆಲದ ಅಳತೆಯೊಂದೇ ಸಾಲದು, ನೀರಿನ ಆಸರೆಯೂ ಬೇಕು ಎಂಬುದನ್ನು ಆ ಬರವು ಮನಗಾಣಿಸಿತು. ಶತಮಾನದ ಕೊನೆಗೆ ನೆರೆಯ ಗೋಕಾಕ ತಾಲ್ಲೂಕಿನ ಧೂಪದಾಳದಲ್ಲಿ ಘಟಪ್ರಭೆಗೆ ಒಡ್ಡು ಕಟ್ಟಿ ಕಾಲುವೆಯನ್ನು ಹರಿಸಲಾಯಿತು.

ಸ್ವಾತಂತ್ರ್ಯದ ನಂತರ ಬದಲಾವಣೆಗಳು ಬೇಗ ಬೇಗನೆ ನಡೆದವು. 1950ರ ಮುಂಬಯಿ ಕಾನೂನು ಪರಗಣೆ ಮತ್ತು ಕುಲಕರ್ಣಿ ವತನಗಳನ್ನು ರದ್ದುಪಡಿಸಿತು. ಕುಲಕರ್ಣಿಯ ದಫ್ತರವು ಸಂಬಳದ ನೌಕರನಾದ ತಲಾಠಿಯ ಕೈಗೆ ಬಂದಿತು. 1956ರ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆಯಾದಾಗ, ಚಂದಗಡ ತಾಲ್ಲೂಕನ್ನುಳಿದ ಬೆಳಗಾವಿ ಜಿಲ್ಲೆಯು ಅಂದಿನ ಮೈಸೂರು ರಾಜ್ಯವನ್ನು ಸೇರಿತು. ಗಡಿಯ ಹಳ್ಳಿಗಳಲ್ಲಿ ಕನ್ನಡ ಮರಾಠಿಗಳೆರಡೂ ಒಂದೇ ಅಂಗಳದಲ್ಲಿ ಕೇಳಿಬರುವುದರಿಂದ ಹೊಸ ಗಡಿಯು ವಿವಾದಕ್ಕೂ ಕಾರಣವಾಯಿತು. 1974ರ ಮಾರ್ಚ್ 1ರಂದು ಜಾರಿಗೆ ಬಂದ ಭೂಸುಧಾರಣೆಯ ತಿದ್ದುಪಡಿಯು ಗೇಣಿದಾರರಿಗೆ ಭೂನ್ಯಾಯ ಮಂಡಳಿಗಳ ಮೂಲಕ ತಾವು ಉಳುತ್ತಿದ್ದ ಭೂಮಿಯ ಒಡೆತನವನ್ನು ಕೇಳುವ ಹಕ್ಕನ್ನು ಕೊಟ್ಟಿತು. ಅಂದಿನವರೆಗೆ ಬೇರೊಬ್ಬರ ಹೆಸರಿನಲ್ಲಿದ್ದ ಉತಾರದಲ್ಲಿ ಉಳುವವನ ಹೆಸರು ಸೇರುವಂತಾಯಿತು.

ಇದೇ ಕಾಲದಲ್ಲಿ ಹಿಡಕಲ್ಲಿನ ಬಳಿ ಘಟಪ್ರಭೆಗೆ ಅಡ್ಡಲಾಗಿ ದೊಡ್ಡ ಅಣೆಕಟ್ಟು ಎದ್ದಿತು. ಇದರ ಸಂಗ್ರಹ ಸಾಮರ್ಥ್ಯ 51 ಟಿ.ಎಂ.ಸಿ.; ಗರಿಷ್ಠ ಮಟ್ಟ 2175 ಅಡಿ. ವಂಟಮುರಿಯ ದೇಸಾಯಿ ಮನೆತನದ ರಾಜಾ ಲಖಮಗೌಡರ ಹೆಸರನ್ನು ಈ ಜಲಾಶಯಕ್ಕೆ ಇಡಲಾಗಿದೆ. ಇಲ್ಲಿ ನಿಂತ ನೀರು ಬೆಳಗಾವಿ ಮತ್ತು ಬಾಗಲಕೋಟೆ ಜಿಲ್ಲೆಗಳ ಒಣ ಭೂಮಿಯನ್ನು ಹಸಿರಾಗಿಸಿದೆ. ಆದರೆ ದೂರದ ಹೊಲಗಳಿಗೆ ನೀರು ಹರಿಯಬೇಕಾದರೆ ಹತ್ತಿರದ ಊರುಗಳು ಮುಳುಗಬೇಕಾಯಿತು. ಹುನ್ನೂರಿನ ಹಳೆಯ ವಿಠ್ಠಲ ಮಂದಿರವು ಮಳೆಗಾಲದಲ್ಲಿ ನೀರಿನೊಳಗೆ ಅಡಗಿ, ಬೇಸಿಗೆಯಲ್ಲಿ ನೀರು ಇಳಿದಾಗ ಮತ್ತೆ ಕಾಣಿಸಿಕೊಳ್ಳುತ್ತದೆ. ಒಬ್ಬರ ಸಮೃದ್ಧಿಯ ಹಿಂದೆ ಇನ್ನೊಬ್ಬರ ತ್ಯಾಗವಿದೆ ಎಂಬುದನ್ನು ಈ ಮಂದಿರವು ವರ್ಷವರ್ಷವೂ ನೆನಪಿಸುತ್ತದೆ. ಮನೆ ಮಠಗಳನ್ನು ಬಿಟ್ಟು ಎದ್ದವರ ಋಣವನ್ನು ಸರಿಯಾಗಿ ತೀರಿಸುವುದೂ ಒಳ್ಳೆಯ ಆಡಳಿತದ ಲಕ್ಷಣವೇ ಆಗಿದೆ.

ಹುಕ್ಕೇರಿಯ ಹೆಸರು ನಾಡಿನ ಹೊರಗೂ ಕೇಳಿಬರಲು ಮುಖ್ಯ ಕಾರಣ ಇಲ್ಲಿಯ ಸಹಕಾರ. ಕನ್ನಡ ನಾಡಿಗೆ ಸಹಕಾರ ಹೊಸದಲ್ಲ. ಗದಗಿನ ಸಮೀಪದ ಕಣಗಿನಹಾಳದಲ್ಲಿ 1905ರಲ್ಲಿಯೇ ಸಹಕಾರ ಸಂಘವು ಹುಟ್ಟಿದ್ದಿತು. ಆ ದಾರಿಯಲ್ಲಿ ಹುಕ್ಕೇರಿ ನಾಡು ಬಹುದೂರ ನಡೆಯಿತು. ಸಂಕೇಶ್ವರದಲ್ಲಿ ಕಬ್ಬು ಬೆಳೆಗಾರರ ಹಿರಣ್ಯಕೇಶಿ ಸಹಕಾರಿ ಸಕ್ಕರೆ ಕಾರ್ಖಾನೆಯು ಸ್ಥಾಪನೆಯಾಯಿತು. 1969ರಲ್ಲಿ ಹುಕ್ಕೇರಿ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘವು ನೋಂದಣಿಯಾಯಿತು. ಈ ಎರಡೂ ಸಂಸ್ಥೆಗಳ ಹಿಂದೆ ಅಪ್ಪಣಗೌಡ ಪಾಟೀಲರ ಶ್ರಮವಿದ್ದಿತು. ದೇಶದಲ್ಲಿ ಪ್ರಾಯೋಗಿಕವಾಗಿ ಆರಂಭವಾದ ಮೊದಲ ಐದು ಗ್ರಾಮೀಣ ವಿದ್ಯುತ್ ಸಂಘಗಳಲ್ಲಿ ಹುಕ್ಕೇರಿಯದೂ ಒಂದು. ಕರ್ನಾಟಕದಲ್ಲಿ ಇಂಥ ಸಂಘವು ಇದೊಂದೇ.

ಈ ಸಂಘದ ಕಾರ್ಯವಿಧಾನವು ತಿಳಿಯತಕ್ಕದ್ದಾಗಿದೆ. ಸಂಘವು ವಿದ್ಯುತ್ತನ್ನು ತಾನು ಉತ್ಪಾದಿಸುವುದಿಲ್ಲ. ಒಟ್ಟಾಗಿ ಕೊಂಡು ತಾಲ್ಲೂಕಿನ ಮನೆ, ಗಿರಣಿ, ಪಂಪುಸೆಟ್ಟುಗಳಿಗೆ ಹಂಚುತ್ತದೆ. ಕಂಬ ನೆಡುವುದು, ತಂತಿ ಎಳೆಯುವುದು, ಮೀಟರು ಓದುವುದು, ಬಿಲ್ಲು ವಸೂಲಿ ಮಾಡುವುದು ಇವೆಲ್ಲ ಅದರ ಕೆಲಸ. ಷೇರು ಹಣ ಕೊಟ್ಟ ಬಳಕೆದಾರನೇ ಸದಸ್ಯ. ಸದಸ್ಯರೇ ಮತ ಹಾಕಿ ಆಡಳಿತ ಮಂಡಳಿಯನ್ನು ಆರಿಸುತ್ತಾರೆ. ಆದ್ದರಿಂದ ದೀಪ ಆರಿದಾಗ ಪ್ರಶ್ನಿಸುವ ಹಕ್ಕು ಸದಸ್ಯನಿಗೆ ಇರುವಂತೆ, ಬಿಲ್ಲನ್ನು ತಪ್ಪದೆ ಕಟ್ಟುವ ಹೊಣೆಯೂ ಅವನಿಗಿದೆ. ಬಾಕಿ ಬೆಳೆದರೆ, ಅಥವಾ ಮಂಡಳಿಯು ಪಕ್ಷ ಪಂಗಡಗಳ ಕಣವಾದರೆ, ನಷ್ಟ ಬೇರೆ ಯಾರಿಗೂ ಅಲ್ಲ, ಸದಸ್ಯರಿಗೇ. ಮೊದಲ ಐದರಲ್ಲಿ ಒಂದಾಗಿದ್ದ ಮಹಾರಾಷ್ಟ್ರದ ಮುಳಾ-ಪ್ರವರಾ ಸಂಘವು 2011ರಲ್ಲಿ ವಿತರಣೆಯ ಪರವಾನಗಿಯನ್ನು ಕಳೆದುಕೊಂಡಿತು. ಕಟ್ಟಿದ ಸಂಸ್ಥೆ ತಾನಾಗಿ ಉಳಿಯುವುದಿಲ್ಲ. ಅದನ್ನು ದಿನದಿನವೂ ಕಾಯಬೇಕಾಗುತ್ತದೆ.

ಹಳ್ಳಿಯ ಆಡಳಿತವೂ ಇದೇ ದಿಕ್ಕಿನಲ್ಲಿ ಸಾಗಿತು. 1983ರ ಕಾನೂನಿನಂತೆ 1987ರಲ್ಲಿ ಮಂಡಲ ಪಂಚಾಯಿತಿಗಳಿಗೂ ಜಿಲ್ಲಾ ಪರಿಷತ್ತುಗಳಿಗೂ ಚುನಾವಣೆಗಳು ನಡೆದವು. 1993ರ ಪಂಚಾಯತ್ ರಾಜ್ ಅಧಿನಿಯಮವು ಗ್ರಾಮ, ತಾಲ್ಲೂಕು, ಜಿಲ್ಲೆ ಎಂಬ ಮೂರು ಹಂತಗಳನ್ನು ಏರ್ಪಡಿಸಿತು. 2010ರ ತಿದ್ದುಪಡಿಯಿಂದ ಸ್ಥಾನಗಳಲ್ಲಿ ಅರ್ಧದಷ್ಟು ಮಹಿಳೆಯರಿಗೆ ಮೀಸಲಾದವು. ಹಿಂದೆ ಚಾವಡಿಯ ಮೆಟ್ಟಿಲನ್ನು ತುಳಿಯಲು ಅಂಜುತ್ತಿದ್ದ ಮನೆತನಗಳ ಹೆಣ್ಣುಮಕ್ಕಳು ಇಂದು ಅಧ್ಯಕ್ಷಸ್ಥಾನದಲ್ಲಿ ಕುಳಿತು ಠರಾವಿಗೆ ಸಹಿ ಹಾಕುವಂತಾಗಿದೆ.

ಜಹಗೀರುದಾರನ ಕಾಲದಲ್ಲಿ ಲೆಕ್ಕವು ಮೇಲಕ್ಕೆ ಹೋಗುತ್ತಿತ್ತು. ಇಂದು ಅದು ಗ್ರಾಮಸಭೆಯಲ್ಲಿ, ಸಂಘದ ವಾರ್ಷಿಕ ಸಭೆಯಲ್ಲಿ ಜನರ ಮುಂದೆ ಬರಬೇಕಾಗಿದೆ. ನಾಲ್ಕು ನೂರು ವರ್ಷಗಳಿಗೂ ಮಿಕ್ಕ ಕಾಲದಲ್ಲಿ ಹುಕ್ಕೇರಿ ನಾಡು ನಡೆದುಬಂದ ದಾರಿ ಇದು. ಆದರೆ ಲೆಕ್ಕವನ್ನು ಓದಬಲ್ಲವರು, ಓದಿ ಪ್ರಶ್ನಿಸಬಲ್ಲವರು ಸಭೆಗೆ ಬಾರದಿದ್ದರೆ ಹೊಸ ದಫ್ತರವೂ ಹಳೆಯ ದಫ್ತರದಂತೆಯೇ ಮುಚ್ಚಿದ ಕಟ್ಟಾಗಿ ಉಳಿಯುತ್ತದೆ. ಅದನ್ನು ಬಿಚ್ಚಿ ಓದುವ ಹೊಣೆ ಅಕ್ಷರ ಕಲಿತ ಪ್ರತಿಯೊಬ್ಬರ ಮೇಲೂ ಇದೆ.